ಕೊಡದವ್ವನ ಕೆರೆ

ಹಾಲಗೊಂಡನಹಳ್ಳಿಯಿಂದ ಪಡುವಲಿಗೆ ಹೊರಟರೆ ಎರಡು ಬೋಳು ಗುಡ್ಡಗಳ ನಡುವೆ ರಸ್ತೆ ಇದ್ದಕ್ಕಿದ್ದಂತೆ ಮೇಲೇರುತ್ತದೆ. ಹೊಸಬರು ಇನ್ನೊಂದು ಗುಡ್ಡವೆಂದೇ ತಿಳಿದು ಹತ್ತುತ್ತಾರೆ. ತುದಿ ಮುಟ್ಟಿದಾಗ ಎದುರಿಗೆ ಅಷ್ಟಗಲ ನೀರು ಕಂಡು, ತಾವು ಹತ್ತಿದ್ದು ಕೆರೆಯ ಏರಿ ಎಂದು ಗೊತ್ತಾಗುತ್ತದೆ. ಅಲ್ಲಿ ಈಚೆಗೆ ಒಂದು ಸಿಮೆಂಟಿನ ಕಮಾನು ಎದ್ದಿದೆ. ಮೇಲೆ ‘ಕೊಡದವ್ವನ ಕೆರೆ’ ಎಂದು ಬರೆಸಿ, ಪಕ್ಕದಲ್ಲಿ ಸೊಂಟದ ಮೇಲೆ ಕೊಡ ಹೊತ್ತ ಹೆಂಗಸಿನ ಚಿತ್ರ ಬಿಡಿಸಿದ್ದಾರೆ. ಬಂದವರು ಆ ಚಿತ್ರದ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ತಾಲ್ಲೂಕಿನ ಊರುಗಳ ಹೆಸರು ಬರೆದುಕೊಳ್ಳುತ್ತ ಅಲೆಯುತ್ತಿದ್ದ ಕಾಲದಲ್ಲಿ ನಾನೂ ಅದನ್ನು ನಂಬಿ, ನೀರು ಹೊತ್ತ ಯಾವಳೋ ಪುಣ್ಯವಂತೆಯ ಕೆರೆ ಎಂದು ಗುರುತು ಹಾಕಿಕೊಂಡಿದ್ದೆ. ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ಕರಿಬಸಪ್ಪನವರು ನಾನು ಬರೆದದ್ದನ್ನು ನೋಡಿ, ‘ಹೊಡೆದು ಹಾಕ್ರಿ ಅದನ್ನ. ಆಕೆ ಕೊಡ ಹೊತ್ತವಳಲ್ಲ. ಕೇಳಿದ್ದನ್ನ ಕೊಡದವಳು’ ಎಂದರು. ಆಮೇಲೆ ಏರಿಯ ಮೇಲೆ ಕುಳಿತು ಹೇಳಿದ್ದು ಈ ಕಥೆ. ಅವರ ಮನೆತನದಲ್ಲಿ ಇದು ತಲೆಯಿಂದ ತಲೆಗೆ ಬಂದದ್ದು ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಸೀಮೆಯನ್ನು ಹಂಪಣ್ಣ ನಾಯಕನೆಂಬ ಪಾಳೆಯಗಾರ ಆಳುತ್ತಿದ್ದ. ಕೆಟ್ಟವನೆಂದು ಯಾರೂ ಹೇಳುವುದಿಲ್ಲ. ಜನಕ್ಕೆ ನೀರು ನಿಲ್ಲಿಸಿಕೊಡಬೇಕೆಂಬ ಆಸೆ ಅವನಿಗೆ ನಿಜವಾಗಿಯೂ ಇತ್ತು. ಆದರೆ ಆಡಿದ ಮಾತಿಗೆ ಎದುರು ಮಾತು ಬಂದರೆ ಸಹಿಸುವವನಲ್ಲ. ಒಮ್ಮೆ ತಪ್ಪು ತೋರಿಸಿದ, ಲೆಕ್ಕ ಬರೆಯುವ ಸೇನಬೋವನೊಬ್ಬನನ್ನು ಕೋಟೆಯ ಬಾಗಿಲಿಗೆ ಕಟ್ಟಿಸಿ ಮೂರು ದಿನ ಬಿಸಿಲಲ್ಲಿ ನಿಲ್ಲಿಸಿದ್ದ. ಅಂದಿನಿಂದ ಅವನ ಮುಂದೆ ‘ಹೌದು ಬುದ್ಧಿ’ ಎನ್ನುವುದನ್ನು ಬಿಟ್ಟು ಬೇರೆ ಮಾತು ಕೇಳಿದವರಿಲ್ಲ. ಎರಡು ಗುಡ್ಡಗಳ ನಡುವೆ ಏರಿ ಹಾಕಿಸಲು ಹೊರಟಾಗ ಕುದುರೆಯ ಮೇಲೆ ಬಂದು ತಾನೇ ಗೂಟ ಹೊಡೆಸಿ ಗೆರೆ ತೋರಿಸಿದ. ನೆಟ್ಟಗೆ ಹೋದರೆ ಅವನ ಕುದುರೆಗಳನ್ನು ಪಳಗಿಸುವ ಬಯಲು ಮುಳುಗುತ್ತಿತ್ತು. ಹಾಗಾಗಿ ನಡುವೆ ಗೆರೆಯನ್ನು ಒಳಕ್ಕೆ ಬಾಗಿಸಿದ್ದ. ಏರಿ ಹಾಕುವ ಕೆಲಸದಲ್ಲಿ ಕೂದಲು ಬೆಳ್ಳಗಾಗಿಸಿಕೊಂಡ ಮೇಸ್ತ್ರಿ ಓಬಯ್ಯನಿಗೆ ಆ ಬಾಗಿನ ನೆಲದ ಮೇಲೆ ಕಾಲಿಟ್ಟ ಕೂಡಲೇ ಗೊತ್ತಾಯಿತು, ಕೆಳಗೆ ಹಳೆಯ ಹಳ್ಳವೊಂದು ಹೂತುಹೋಗಿದೆ, ಅಲ್ಲಿ ಮರಳಿದೆ, ನೀರು ನಿಲ್ಲುವುದಿಲ್ಲ ಎಂದು. ಗೊತ್ತಾದರೂ ಅವನು ‘ಹೌದು ಬುದ್ಧಿ’ ಎಂದ. ಮೂರು ಮಳೆಗಾಲಗಳಲ್ಲಿ ಏರಿ ಮೂರು ಸಲ ಒಡೆಯಿತು, ಮೂರು ಸಲವೂ ಅದೇ ಜಾಗದಲ್ಲಿ. ಕೊನೆಯ ಸಲ ಕೆಳಗಿನ ಹಟ್ಟಿಯ ಹನ್ನೊಂದು ಜನ ಕೊಚ್ಚಿಹೋದರು.

ನಾಯಕ ಜೋಯಿಸರನ್ನು ಕರೆಸಿ ಕಾರಣ ಕೇಳಿದ. ಆ ಜೋಯಿಸರೂ ಹೆದರಿದ ಮನುಷ್ಯನೇ. ನಾಯಕನ ತಪ್ಪು ಬಿಟ್ಟು ಬೇರೆ ಯಾವ ಕಾರಣವಾದರೂ ಸರಿ ಎಂದು ತಡಕಾಡಿ, ಗುಡ್ಡದ ಮೇಲಿನ ಮಲ್ಲಯ್ಯ ಬಲಿ ಕೇಳುತ್ತಿದ್ದಾನೆ, ಚೊಚ್ಚಲ ಬಸುರಿಯೊಬ್ಬಳನ್ನು ಏರಿಯ ಒಡಲಲ್ಲಿ ಜೀವಂತ ಇಟ್ಟು ಮಣ್ಣು ಹಾಕಿದರೆ ಕೆರೆ ನಿಲ್ಲುತ್ತದೆ ಎಂದುಬಿಟ್ಟರು. ಹುಡುಕಲು ದೂರ ಹೋಗಬೇಕಾಗಲಿಲ್ಲ. ಏರಿಗೆ ಮಣ್ಣು ಹೊರುವವರಲ್ಲಿ ತಿಪ್ಪಣ್ಣನೆಂಬ ಆಳು ಇದ್ದ. ಅವನ ಹೆಂಡತಿ ಕೆಂಚವ್ವನಿಗೆ ಆಗ ನಾಲ್ಕು ತಿಂಗಳು. ಯುಗಾದಿ ಕಳೆದು ಎಂಟನೆಯ ದಿನ ಬೆಳಿಗ್ಗೆ ನಾಯಕನ ಕಡೆಯವರು ತಟ್ಟೆಯಲ್ಲಿ ಹಸಿರು ಸೀರೆ, ಬಳೆ, ಹೂವು, ಅರಿಸಿನ ಇಟ್ಟುಕೊಂಡು ಅವರ ಗುಡಿಸಲಿಗೆ ಬಂದರು. ಏಕೆ ಬಂದಿದ್ದಾರೆಂದು, ತಟ್ಟೆ ತೆಗೆದುಕೊಂಡರೆ ಬಲಿಗೆ ಒಪ್ಪಿದಂತೆ ಎಂದು ಕೇರಿಗೆಲ್ಲ ಗೊತ್ತಿತ್ತು. ಯಾರೂ ತಲೆಯೆತ್ತಲಿಲ್ಲ. ತಿಪ್ಪಣ್ಣ ಎದ್ದು ನಿಂತ. ಅವನಿಗೆ ಹೆಂಡತಿಯ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಆದರೆ ಹುಟ್ಟಿದಾಗಿನಿಂದ ನಾಯಕನ ಆಳುಗಳು ಚಾಚಿದ್ದಕ್ಕೆ ಕೈಯೊಡ್ಡಿಯೇ ಬಲ್ಲವನು. ಎರಡೂ ಕೈ ಚಾಚಿ ತಟ್ಟೆ ತೆಗೆದುಕೊಂಡ.

ಅವನ ತಾಯಿ ಸಣ್ಣೀರವ್ವ ಆಗ ಏರಿಯಿಂದ ಖಾಲಿ ಮಣ್ಣುಪುಟ್ಟಿ ಹಿಡಿದು ಬರುತ್ತಿದ್ದಳು. ಕುಳ್ಳಗಿನ ಹೆಂಗಸು, ವಿಧವೆ, ಇಪ್ಪತ್ತು ವರ್ಷ ಮಣ್ಣು ಹೊತ್ತು ನಡುನೆತ್ತಿಯ ಕೂದಲು ಸವೆದುಹೋಗಿತ್ತು. ಮಗನ ಕೈಯಲ್ಲಿದ್ದ ತಟ್ಟೆ ನೋಡಿದಳು, ಒಳಗೆ ಗೋಡೆಗೆ ಒತ್ತಿ ನಿಂತ ಸೊಸೆಯನ್ನು ನೋಡಿದಳು. ಪುಟ್ಟಿ ಕೆಳಗಿಟ್ಟು, ಮಗನ ಕೈಯಿಂದ ತಟ್ಟೆ ಬಿಡಿಸಿಕೊಂಡು ಬಂದವರ ಕಾಲ ಮುಂದೆ ನೆಲದ ಮೇಲಿಟ್ಟಳು.

‘ಇದು ನಮ್ಮ ಮನೇದಲ್ಲ. ತಗೊಂಡು ಹೋಗ್ರಿ’ ಎಂದಳು.

ಅಂದಿನಿಂದ ಕೇರಿ ಅವಳ ಮೇಲೆ ತಿರುಗಿ ಬಿತ್ತು. ಒಲೆಗೆ ಕೆಂಡ ಕೇಳಲು ಹೋದರೆ ಬಾಗಿಲು ಮುಚ್ಚಿದರು. ಬಾವಿಯ ಹಗ್ಗ ಅವಳು ಬರುವ ಹೊತ್ತಿಗೆ ಇರುತ್ತಿರಲಿಲ್ಲ. ಹಟ್ಟಿಯಲ್ಲಿ ಮನೆಯವರನ್ನು ಕಳೆದುಕೊಂಡವರು ಬಂದು, ನಿನ್ನ ಸೊಸೆಯೊಬ್ಬಳಿಗಾಗಿ ಊರೆಲ್ಲ ಸಾಯಬೇಕೇ ಎಂದು ಅತ್ತರು. ಅವರ ಅಳು ಸುಳ್ಳಾಗಿರಲಿಲ್ಲ, ಅವರ ಜೊತೆ ಸಣ್ಣೀರವ್ವನೂ ಅತ್ತಳು. ಅತ್ತು, ಕಣ್ಣೊರೆಸಿಕೊಂಡು, ಕೊಡುವುದಿಲ್ಲ ಎಂದಳು. ಕೊನೆಗೆ ನಾಯಕನೇ ಬಂದ. ಕೆಂಚವ್ವನನ್ನು ಎಳೆಸಿಕೊಂಡು ಹೋಗುವುದು ಅವನಿಗೆ ಕಷ್ಟವಿರಲಿಲ್ಲ. ಆದರೆ ಮನೆಯವರು ಒಪ್ಪಿ ಕೊಡದ ಬಲಿ ಸಲ್ಲದೆಂದು ಜೋಯಿಸರು ಹೇಳಿದ್ದರು. ಕುದುರೆಯ ಮೇಲೆ ಕುಳಿತೇ ಅವನು ಕೇಳಿದ.

‘ದೇವರು ಕೇಳಿದ್ದನ್ನ ಇಲ್ಲ ಅನ್ನೋಕೆ ನೀನು ಯಾರು?’

‘ಮಲ್ಲಯ್ಯ ಕೇಳಿಲ್ಲ ಬುದ್ಧಿ. ಕೇಳ್ತಿರೋರು ನೀವು’ ಎಂದಳು ಸಣ್ಣೀರವ್ವ. ‘ಅವನು ನನ್ನ ಗಂಡನ್ನ ಒಯ್ದ, ಎರಡು ಕೂಸು ಒಯ್ದ. ಒಂದು ಸಲಾನೂ ತಟ್ಟೆ ಕಳಿಸಿ ಕೇಳಲಿಲ್ಲ. ಬೇಕಾದಾಗ ಒಯ್ಯೋಕೆ ಅವನಿಗೆ ನಿಮ್ಮ ಆಳುಗಳು ಬೇಕಾಗಿಲ್ಲ.’

ಕೇರಿಯ ಜನ ಸುತ್ತ ನೆರೆದಿದ್ದರು. ನಾಯಕ ಕುದುರೆಯನ್ನು ಅವಳ ಹತ್ತಿರಕ್ಕೆ ನಡೆಸಿದ. ‘ನನ್ನ ಭಯ ಇಲ್ಲವೇ ನಿನಗೆ?’ ಎಂದ.

‘ಐತೆ ಬುದ್ಧಿ. ನೋಡ್ರಿ, ಕಾಲು ನಡುಗ್ತಾವೆ. ನಡುಗಲಿ. ನಡುಗ್ತಾನೇ ಹೇಳ್ತೀನಿ, ಕೊಡೋದಿಲ್ಲ.’ ಆಮೇಲೆ ಗುಡ್ಡದ ಕಡೆ ತಿರುಗಿ ಒಮ್ಮೆ ಕೈಮುಗಿದು ಮಾತು ಮುಂದುವರಿಸಿದಳು. ‘ನಾನು ಇವತ್ತಿಂದ ನಿಮ್ಮ ಏರಿ ಕೆಳಗೆ ಗುಡಿಸಲು ಹಾಕ್ಕೊಂಡು ಕೂರ್ತೀನಿ. ಮಳೆಗಾಲ ಮುಗಿಯೋವರೆಗೂ ಏಳೋದಿಲ್ಲ. ಮಲ್ಲಯ್ಯನಿಗೆ ಜೀವ ಬೇಕಿದ್ರೆ ನೀರು ಬಿಟ್ಟು ಒಯ್ಯಲಿ, ಅವನ ಸೊತ್ತು. ನಿಮ್ಮ ಕೈ ಮಾತ್ರ ನಡುವೆ ಬರೋದು ಬ್ಯಾಡ.’

ಸೊಸೆ ಅಲ್ಲಿಯವರೆಗೆ ಒಳಗೇ ನಿಂತಿದ್ದಳು. ಈಗ ಹೊರಗೆ ಬಂದು ಅತ್ತೆಯ ಪಕ್ಕ ನಿಂತು, ‘ನಾನೂ ಅಲ್ಲೇ ಇರ್ತೀನಿ’ ಎಂದಳು. ಸಣ್ಣೀರವ್ವ ಬೇಡವೆಂದರೂ ಕೇಳಲಿಲ್ಲ. ‘ಮನೇಲಿ ಕೂತು ಇವರ ಹೆಜ್ಜೆ ಸಪ್ಪಳಕ್ಕೆ ಸಾಯೋದಕ್ಕಿಂತ ಅಲ್ಲಿ ಮಲ್ಲಯ್ಯನ ಕೈಯಲ್ಲಿ ಇರ್ತೀನಿ ಅತ್ತೆ’ ಎಂದಳಂತೆ. ಅಷ್ಟು ಜನರ ಮುಂದೆ ದೇವರ ಮೇಲೆ ಹಾಕಿದ ಮಾತನ್ನು ತೆಗೆದುಹಾಕಲು ನಾಯಕನಿಗೆ ಬಾಯಿ ಬರಲಿಲ್ಲ. ಮಳೆಗಾಲ ಮುಗಿಯುವವರೆಗೆ ಕಾಯುತ್ತೇನೆ ಎಂದು ಹೇಳಿ ಕುದುರೆ ತಿರುಗಿಸಿದ.

ಒಡೆದ ಏರಿಯ ಬಾಗಿನ ಕೆಳಗೆ, ಮೂರು ಸಲ ನೀರು ನುಗ್ಗಿದ ದಾರಿಯಲ್ಲೇ, ಜೋಳದ ದಂಟಿನ ಗುಡಿಸಲು ಎದ್ದಿತು. ಬೆಳಿಗ್ಗೆ ಅತ್ತೆ ಮಣ್ಣು ಹೊರಲು ಹೋಗುವಳು, ಸೊಸೆ ಅಡುಗೆ ಮಾಡುವಳು. ಅದನ್ನು ದಿನವೂ ಮೇಲಿನಿಂದ ನೋಡುತ್ತಿದ್ದವನು ಮೇಸ್ತ್ರಿ ಓಬಯ್ಯ. ಆ ಜಾಗ ಮತ್ತೆ ಒಡೆಯುತ್ತದೆಂದು ಅವನಿಗೆ ಒಬ್ಬನಿಗೇ ಖಚಿತವಾಗಿ ಗೊತ್ತಿತ್ತು. ಹತ್ತು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಗುಡಿಸಲಿಗೆ ಬಂದು, ಇಲ್ಲಿಂದ ಎದ್ದು ಹೋಗಿರಿ ಎಂದು ಬೇಡಿಕೊಂಡ. ಸಣ್ಣೀರವ್ವ ಅವನ ಮುಖವನ್ನೇ ನೋಡುತ್ತ, ‘ಯಾಕೆ ಒಡೀತೈತೆ ಅಂತ ನಿನಗೆ ಗೊತ್ತೈತೆ, ಅಲ್ಲವೇನು ಓಬಯ್ಯ?’ ಎಂದು ಕೇಳಿದಳು. ಅವನು ತಲೆ ತಗ್ಗಿಸಿ, ಕೆಳಗೆ ಮರಳಿದೆ, ಗೆರೆಯೇ ತಪ್ಪು ಎಂದ.

‘ಮತ್ತೆ ಹೇಳಲಿಲ್ಲ?’

‘ಹೇಳಿದ್ರೆ ತಲೆ ಹೋಗ್ತೈತವ್ವ.’

‘ಹೇಳದೆ ಹನ್ನೊಂದು ತಲೆ ಹೋದವು’ ಎಂದಳು ಅವಳು. ದನಿ ಏರಲಿಲ್ಲ. ‘ದಿನಾ ಸ್ನಾನ ಮಾಡಿ ಗುಡ್ಡಕ್ಕೆ ಕೈ ಮುಗೀತೀಯ. ನಿನ್ನ ತಲೆ ಅವನ ಕೈಯಲ್ಲಿ ಐತೆ ಅಂತ ನಂಬಿದ್ರೆ ಹೋಗಿ ಹೇಳು. ನಾಯಕನ ಕೈಯಲ್ಲಿ ಐತೆ ಅಂತ ನಂಬಿದ್ರೆ ನಾಳೆಯಿಂದ ಅವನಿಗೇ ಕೈ ಮುಗಿ.’

ಓಬಯ್ಯ ಎದ್ದವನು ಮನೆಗೆ ಹೋಗಲಿಲ್ಲ. ಮಣ್ಣಾದ ಕಾಲಲ್ಲೇ ನೇರ ಕೋಟೆಗೆ ಹೋಗಿ, ತುಂಬಿದ ಚಾವಡಿಯಲ್ಲಿ, ತಪ್ಪು ದೇವರದಲ್ಲ, ಗೆರೆಯದು ಎಂದು ಹೇಳಿದ. ನಾಯಕ, ‘ನಾಳೆ ನನ್ನೆದುರಿಗೆ ಅಗೆ. ಮರಳು ಸಿಗದಿದ್ದರೆ ಆ ಗುಂಡಿಯಲ್ಲೇ ನಿನ್ನನ್ನು ಮುಚ್ಚುತ್ತೇನೆ’ ಎಂದ. ಮರುದಿನ ಊರೆಲ್ಲ ನೆರೆಯಿತು. ಓಬಯ್ಯ ಬೇರೆಯವರನ್ನು ಇಳಿಸದೆ ತಾನೇ ಇಳಿದು ಅಗೆದ. ಒಂದಾಳು ಆಳದವರೆಗೂ ಕೆಂಪು ಮಣ್ಣೇ ಬಂತು. ನಾಯಕನ ಆಳುಗಳು ಗುಂಡಿಯ ಅಂಚಿಗೆ ಬಂದು ನಿಂತರು. ಓಬಯ್ಯನ ಗುದ್ದಲಿ ನಿಲ್ಲಲಿಲ್ಲ. ಎರಡನೆಯ ಆಳುದ್ದ ಮುಗಿಯುವ ಹೊತ್ತಿಗೆ ಗುದ್ದಲಿಯ ಸದ್ದು ಬದಲಾಯಿತು. ಅವನು ಬಗ್ಗಿ ಬೊಗಸೆ ತುಂಬ ಮರಳು ಎತ್ತಿ ಮೇಲೆ ಹಿಡಿದ. ಒದ್ದೆ ಮರಳು, ಅದರಲ್ಲಿ ಹಳ್ಳದ ಕಪ್ಪೆಚಿಪ್ಪುಗಳಿದ್ದವು.

ಹಂಪಣ್ಣ ನಾಯಕ ಕುದುರೆಯಿಂದ ಇಳಿದ. ತಪ್ಪಾಯಿತೆಂದು ಬಾಯಲ್ಲಿ ಹೇಳಲಿಲ್ಲ. ತಾನು ಹೊಡೆಸಿದ ಗೂಟದ ಬಳಿಗೆ ನಡೆದುಹೋಗಿ, ಅದನ್ನು ಎರಡೂ ಕೈಯಿಂದ ಅಲ್ಲಾಡಿಸಿ ಕಿತ್ತು, ಕುದುರೆಯ ಬಯಲಿನ ಆಚೆ ಅಂಚಿನ ಬಂಡೆಯ ಪಕ್ಕದಲ್ಲಿ ನೆಟ್ಟು ಹೊರಟುಹೋದ. ಮಳೆಗೆ ಮೂರು ತಿಂಗಳೂ ಉಳಿದಿರಲಿಲ್ಲ. ಕೆಂಡ ಕೊಡದ ಮನೆಯವರು, ಹಗ್ಗ ಬಚ್ಚಿಟ್ಟವರು ಎಲ್ಲರೂ ಮಣ್ಣು ಹೊತ್ತರು. ಏರಿ ಸರಿದಂತೆ ಗುಡಿಸಲೂ ಸರಿದು ಹೊಸ ಏರಿಯ ಬುಡಕ್ಕೆ ಬಂತು. ಇನ್ನು ಬೇಡ, ಮೇಲೆ ಬನ್ನಿ ಎಂದು ಜನ ಕರೆದರು. ‘ಮಳೆಗಾಲ ಮುಗಿಯೋವರೆಗೂ ಅಂತ ಮಲ್ಲಯ್ಯನ ಹೆಸರಲ್ಲಿ ಆಡಿದ ಮಾತು’ ಎಂದು ಸಣ್ಣೀರವ್ವ ಏಳಲಿಲ್ಲ.

ಆ ವರ್ಷ ನಡುಮಳೆಗಾಲದ ಪುಷ್ಯ ಮಳೆ ಒಂದು ಬೆಳಿಗ್ಗೆ ಹಿಡಿದದ್ದು ಮೂರು ದಿನ ಬಿಡಲಿಲ್ಲ. ಮೂರನೆಯ ದಿನ ನಡುಹಗಲಿಗೆ ನೀರು ಏರಿಯ ತಲೆಗೆ ಒಂದು ಮೊಳ ಕೆಳಗಿತ್ತು. ಹಸಿ ಮಣ್ಣು ಅಲ್ಲಲ್ಲಿ ಜಾರತೊಡಗಿತು. ಊರಿನವರು ಗುಡ್ಡ ಹತ್ತಿ ನಿಂತು ಕೂಗುತ್ತಿದ್ದರು. ಕೆಳಗೆ ಎಂಟು ತಿಂಗಳ ಬಸುರಿ ಅತ್ತೆಯ ಕೈ ಹಿಡಿದು, ಬೆನ್ನನ್ನು ಏರಿಗೆ ಕೊಟ್ಟು ಕುಳಿತಿದ್ದಳು. ಆಗ ಗುಡ್ಡದಿಂದ ಒಬ್ಬನೇ ಇಳಿದು ಓಡಿ ಬಂದ. ತಿಪ್ಪಣ್ಣ. ತಟ್ಟೆ ತೆಗೆದುಕೊಂಡ ದಿನದಿಂದ ತಾಯಿ ಅವನೊಡನೆ ಮಾತಾಡಿರಲಿಲ್ಲ. ಅವನು ಕಲ್ಲು ಹೊತ್ತು ತಂದು ಜಾರುವ ಕಡೆಯೆಲ್ಲ ಇಟ್ಟು ತುಳಿದ. ಅವನ ಹಿಂದೆ ಓಬಯ್ಯ ಇಳಿದ, ಅವನ ಹಿಂದೆ ಇನ್ನೂ ಹಲವರು. ಸಂಜೆಗೆ ಮುಂಚೆ ಏರಿಯ ಒಂದು ತುದಿಯಲ್ಲಿ ದೊಡ್ಡ ಸದ್ದಾಯಿತು. ಏರಿ ಹೋಯಿತೆಂದುಕೊಂಡು ಜನ ಕಣ್ಣು ಮುಚ್ಚಿದರು. ಹೋಗಿರಲಿಲ್ಲ. ಕೆರೆ ತುಂಬಿ, ಹೆಚ್ಚಿನ ನೀರು ಬಂಡೆಯ ಕೋಡಿಯ ಮೇಲೆ ಹರಿದು ಹಳ್ಳಕ್ಕೆ ಇಳಿಯುತ್ತಿತ್ತು. ಸಣ್ಣೀರವ್ವ ಮಗನನ್ನು ಹೆಸರು ಹಿಡಿದು ಕರೆದಳು. ‘ಕೋಡಿ ನೀರಲ್ಲಿ ಕೈ ತೊಳ್ಕೊಂಡು ಬಾ. ಉಣ್ಣುವಂತೆ’ ಎಂದಳು.

ಕೆಂಚವ್ವ ಆ ಗುಡಿಸಲಲ್ಲೇ ಹೆಣ್ಣು ಹೆತ್ತಳು. ನೀರುಗಂಟಿಗಳ ವಂಶ ಆ ಕೂಸಿನಿಂದ ಬಂದದ್ದು ಎನ್ನುತ್ತಾರೆ. ನಾಯಕ ಕೆರೆಗೆ ತನ್ನ ಹೆಸರಿಟ್ಟು ಕಲ್ಲು ಬರೆಸಿದ. ‘ಹಂಪಸಮುದ್ರ’ ಎಂಬ ಆ ಕಲ್ಲು ಈಗಲೂ ಕೋಡಿಯ ಪಕ್ಕದಲ್ಲಿ ಅಡ್ಡ ಬಿದ್ದಿದೆ, ಅದರ ಮೇಲೆ ಬಟ್ಟೆ ಒಗೆಯುತ್ತಾರೆ. ಅವನು ಬದುಕಿದ್ದಾಗಲೇ ಜನ ಆ ಹೆಸರು ಹೇಳಲಿಲ್ಲ. ಉಪ್ಪಿನ ಗಾಡಿಯವರು ಇದು ಯಾರ ಕೆರೆ ಎಂದು ಕೇಳಿದರೆ, ಕೊಡದ ಅವ್ವನ ಕೆರೆ ಎಂದೇ ಹೇಳಿದರು, ನಾಯಕನ ಆಳುಗಳು ಕೇಳಿಸಿಕೊಳ್ಳುವಷ್ಟು ಗಟ್ಟಿಯಾಗಿ.

ಆ ಸೀಮೆಯ ಬೇರೆ ಕೆರೆಗಳ ಏರಿಯ ಮೇಲೆ ಬಲಿಯಾದ ಹೆಣ್ಣುಮಕ್ಕಳ ಗುಡಿಗಳಿವೆ. ಇಲ್ಲಿ ಗುಡಿಯಿಲ್ಲ, ಕಲ್ಲಿಲ್ಲ, ಕುಂಕುಮವಿಲ್ಲ. ಏರಿಯ ಬುಡದಲ್ಲಿ ಯಾರೂ ಉಳದೆ ಬಿಟ್ಟ ಒಂದು ತುಂಡು ನೆಲವಿದೆ, ಅಷ್ಟೆ. ಕೋಡಿ ಬಿದ್ದ ವರ್ಷ ಸುತ್ತಲ ಊರುಗಳ ಚೊಚ್ಚಲ ಬಸುರಿಯರು ಬುತ್ತಿ ಕಟ್ಟಿಕೊಂಡು ಬಂದು, ಏರಿಗೆ ಬೆನ್ನು ಕೊಟ್ಟು ಕುಳಿತು ಉಂಡು ಹೋಗುತ್ತಾರೆ. ನಾನು ಹೋದ ದಿನ ಹಾಗೆ ಕುಳಿತಿದ್ದ ಒಬ್ಬ ಎಳೆಯ ಬಸುರಿಯನ್ನು, ಬೆನ್ನ ಹಿಂದೆ ಇಷ್ಟು ನೀರಿದೆಯಲ್ಲ ತಾಯಿ, ಭಯವಾಗುವುದಿಲ್ಲವೇ ಎಂದು ಕೇಳಿದೆ. ಅವಳು ಬಾಯಲ್ಲಿದ್ದ ತುತ್ತು ನುಂಗಿ, ಸ್ವಲ್ಪ ಸರಿದು ಜಾಗ ಮಾಡಿದಳು.

‘ತಣ್ಣಗೈತೆ. ನೀವೂ ಕೂತ್ಕೊಳ್ರಿ’ ಎಂದಳು.