ಬೊಮ್ಮಯ್ಯ ಹಾಕಿದ ಪಾಲು

ಕೋಡಿಬಂದರಿನಲ್ಲಿ ಯಾರನ್ನಾದರೂ ನಿಲ್ಲಿಸಿ ಬೊಮ್ಮಯ್ಯನ ಮನೆ ಎಲ್ಲಿ ಅಂತ ಕೇಳಿ ನೋಡಿ. ಮೊದಲು ನಗುತ್ತಾರೆ, ಆಮೇಲೆ ದಾರಿ ತೋರಿಸುತ್ತಾರೆ. ಮೂವತ್ತು ದಾಟಿದ ಆಳು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಎರಡಾಳಿನ ಕೆಲಸ ಒಬ್ಬನೇ ಮಾಡುವಂಥ ತೋಳು. ತಾಯಿಯ ಮಾತು ಒಂದು ದಿನವೂ ಮೀರಿದವನಲ್ಲ. ತೊಂದರೆ ಇರುವುದೇ ಅಲ್ಲಿ ನೋಡಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾನೆ, ಕೂದಲೆಳೆಯಷ್ಟು ಆಚೆ ಇಲ್ಲ, ಕೂದಲೆಳೆಯಷ್ಟು ಈಚೆ ಇಲ್ಲ.

ಒಮ್ಮೆ ಅವನ ತಾಯಿ ಸೋಮಕ್ಕ ಅಂಗಳದಲ್ಲಿ ಮೀನು ಒಣಗಲು ಹರವಿ, ಕಾಗೆ ಬಂದರೆ ಓಡಿಸು ಅಂತ ಹೇಳಿ ಪೇಟೆಗೆ ಹೋದಳು. ತಿರುಗಿ ಬಂದರೆ ಅಂಗಳದಲ್ಲಿ ಒಂದು ಮೀನಿಲ್ಲ. ಬೊಮ್ಮಯ್ಯ ಕೋಲು ಹಿಡಿದು ಆಕಾಶ ನೋಡುತ್ತ ಕೂತಿದ್ದಾನೆ. ಕಾಗೆ ಒಂದೂ ಬರಲಿಲ್ಲ ಅವ್ವಿ, ಬರೀ ಬೆಕ್ಕು ಬಂದವು, ತಿಂದು ಅವುಗಳ ಪಾಡಿಗೆ ಹೋದವು ಅಂದ. ಬೆಕ್ಕನ್ನೂ ಓಡಿಸಬೇಕಲ್ಲೋ ಅಂತ ಸೋಮಕ್ಕ ಹಣೆ ಹಣೆ ಬಡಿದುಕೊಂಡಳು. ಬೊಮ್ಮಯ್ಯ ತಲೆ ಆಡಿಸಿದ. "ಆಯ್ತವ್ವಿ, ಇನ್ನು ಬೆಕ್ಕು ಬಂದ್ರೂ ಹಾಂಗೇ ಮಾಡ್ತೆ."

ಈ ಸೋಮಕ್ಕ ಇಪ್ಪತ್ತಾರು ವರ್ಷದಿಂದ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಕೇರಿ ಕೇರಿ ತಿರುಗಿದವಳು. ಮೊಣಕಾಲು ಎರಡೂ ಇನ್ನು ಸಾಕು ಅನ್ನುತ್ತಿದ್ದವು. ಆದರೆ ಅವಳ ಕೈಯ ಬಂಗಡೆ ಸಾರು ಇಡೀ ಬಂದರಿಗೆ ಹೆಸರು! ಜುಮ್ಮನಕಾಯಿ ಜಜ್ಜಿ ಹಾಕಿದ ಆ ಸಾರನ್ನು ಒಂದು ತುತ್ತು ಬಾಯಿಗಿಟ್ಟರೆ ನಾಲಿಗೆಯ ತುದಿ ಜುಮ್ಮೆನ್ನಬೇಕು, ಕಣ್ಣು ತಾನಾಗಿ ಮುಚ್ಚಬೇಕು.

ಬಂದರಿನ ದಂಡೆಯಲ್ಲಿ ಒಂದು ಹಳೇ ಉಪ್ಪಿನ ಗೋದಾಮಿತ್ತು. ಚಿತ್ರಾ ಶಾನಭಾಗ ಅನ್ನುವವರು ಅದನ್ನು ಕೊಂಡು ಹೊಸ ನಮೂನೆಯ ಹೋಟೆಲು ಮಾಡಿದ್ದರು. ಹೆಸರು ಹಾಯಿಮನೆ. ಒಂಬತ್ತೇ ಕೋಣೆ, ಒಂದರ ಹಾಗೆ ಇನ್ನೊಂದಿಲ್ಲ. ಗೋಡೆಗೆ ಗಾರೆಯೂ ಇಲ್ಲ ಸುಣ್ಣವೂ ಇಲ್ಲ, ಕಲ್ಲು ಕಲ್ಲಾಗಿಯೇ ಬಿಟ್ಟಿದ್ದಾರೆ, ಅದೇ ಫ್ಯಾಶನ್ನು. ಪಾಪ, ಸುಣ್ಣಕ್ಕೆ ದುಡ್ಡು ಸಾಲಲಿಲ್ಲ ಅಂತ ಸೋಮಕ್ಕ ಮರುಗಿದ್ದಳು.

ಚಿತ್ರಾ ಮೇಡಂ ಒಂದು ದಿನ ಸೋಮಕ್ಕನ ಜಗಲಿಯಲ್ಲಿ ಕೂತು ಆ ಸಾರು ಉಂಡವರೇ ಒಂದು ಮಾತು ಹೇಳಿದರು. ಶನಿವಾರ ತಾಯಿ ಮಗ ಇಬ್ಬರೂ ಹಾಯಿಮನೆಗೆ ಬಂದು ಅತಿಥಿಗಳ ಹಾಗೆ ಉಳಿಯಿರಿ, ಅಲ್ಲಿಗೆ ಬರುವವರ ರೀತಿ ನೀತಿ ನೋಡಿ. ಭಾನುವಾರ ಮಧ್ಯಾಹ್ನ ಹದಿನಾಲ್ಕು ಜನಕ್ಕೆ ಬಂಗಡೆ ಸಾರು ಮಾಡಿ, ನೀವೇ ಬಡಿಸಿ. ತಟ್ಟೆಗಳು ಖಾಲಿಯಾಗಿ ವಾಪಸು ಬಂದರೆ ಅಡುಗೆಮನೆ ನಿಮ್ಮದು, ತಿಂಗಳ ಸಂಬಳ, ಬುಟ್ಟಿ ಹೊರುವುದು ಅವತ್ತಿಗೇ ಮುಗಿಯಿತು ಅಂದರು. ಸೋಮಕ್ಕನಿಗೆ ಸಾರಿನ ಬಗ್ಗೆ ಒಂದಿಷ್ಟೂ ಹೆದರಿಕೆ ಇರಲಿಲ್ಲ. ಹೆದರಿಕೆ ಇದ್ದದ್ದು ಮಗನ ಬಗ್ಗೆ.

ಶನಿವಾರ ದಾರಿಯುದ್ದಕ್ಕೂ ಹೇಳಿಕೊಡುತ್ತ ಹೋದಳು. ದೊಡ್ಡವರ ಜಾಗ ತಮಾ, ಅಲ್ಲಿ ತಟ್ಟೆಯಲ್ಲಿಟ್ಟು ಏನು ಕೊಟ್ಟರೂ ಬೇಡ ಅನ್ನಬೇಡ, ಬಾಯಿಗೆ ಹಾಕಿಕೋ, ರುಚಿಯಾಗಿದೆ ಅನ್ನು.

ಬಾಗಿಲಲ್ಲೇ ಒಬ್ಬಳು ಹುಡುಗಿ ಬೆಳ್ಳಿಯಂಥ ತಟ್ಟೆ ಹಿಡಿದು ನಿಂತಿದ್ದಳು. ತಟ್ಟೆಯಲ್ಲಿ ಬಿಳೀ ಸುರುಳಿ ಎರಡು, ಮೇಲೊಂದು ಮಲ್ಲಿಗೆ. ಬಿಸಿಲಲ್ಲಿ ಬಂದವರು ಮುಖ ಒರೆಸಿಕೊಳ್ಳಲಿ ಅಂತ ಐಸಿನಲ್ಲಿಟ್ಟ ಅತ್ತರಿನ ಟವೆಲು ಅದು. ಬೊಮ್ಮಯ್ಯ ಎತ್ತಿಕೊಂಡ, ಬಾಯಿಗೆ ಹಾಕಿದ, ಅಗಿದ. ಅಗಿಯುತ್ತಾ ಅಗಿಯುತ್ತಾ ಕಣ್ಣಲ್ಲಿ ನೀರು ಬಂತು. ಆದರೂ ಬಿಡಲಿಲ್ಲ.

"ರುಚಿಯಾಗಿದೆ," ಅಂದ. "ಸ್ವಲ್ಪ ನಾರು ಜಾಸ್ತಿ."

ಕೋಣೆಗೆ ಹೋದ ಮೇಲೆ ಸೋಮಕ್ಕ ಚೆನ್ನಾಗಿ ಬೈದಳು. ಬಟ್ಟೆ ತಿನ್ನುವವರು ಯಾರಾದರೂ ಉಂಟೇನೋ! ಇನ್ನು ತಟ್ಟೆಯಲ್ಲಿ ಬಿಳೀ ಸುರುಳಿ ಬಂದರೆ ಹಣೆ ಒರೆಸು, ಕುತ್ತಿಗೆ ಒರೆಸು, ಕಿವಿಯ ಹಿಂದೆ ಒರೆಸು, ತಿರುಗಿ ತಟ್ಟೆಯಲ್ಲೇ ಇಡು ಅಂದಳು.

"ಆಯ್ತವ್ವಿ, ಇನ್ನು ಹಾಂಗೇ ಮಾಡ್ತೆ."

ನಾಲ್ಕು ಗಂಟೆಗೆ ಎಲ್ಲರಿಗೂ ಈಜುಕೊಳದ ಬದಿಯಲ್ಲಿ ಚಾ. ಚಾದ ಜೊತೆ ತೆಳ್ಳೇವು, ಅಂದರೆ ಕಾಗದದಷ್ಟು ತೆಳುವಾದ ಅಕ್ಕಿ ದೋಸೆ, ಒಳಗೆ ಕಾಯಿಬೆಲ್ಲ ತುಂಬಿ ಸುತ್ತಿದ್ದು. ಬೊಮ್ಮಯ್ಯ ನೋಡಿದ. ತಟ್ಟೆ ಹೌದು, ಬಿಳಿ ಹೌದು, ಸುರುಳಿ ಹೌದು. ಎತ್ತಿ ಹಣೆ ಒರೆಸಿದ, ಕುತ್ತಿಗೆ ಒರೆಸಿದ, ಕಿವಿಯ ಹಿಂದೆ ಎರಡು ಸಲ ಒರೆಸಿದ, ಉಳಿದ ಚೂರನ್ನು ಮಡಚಿ ತಟ್ಟೆಯಲ್ಲಿಟ್ಟ. ಹಣೆಯಿಂದ ಮೂಗಿಗೆ ಬೆಲ್ಲ ಇಳಿಯುತ್ತಿತ್ತು. ನೊಣಗಳಿಗೆ ಹಬ್ಬ. ಚಿತ್ರಾ ಮೇಡಂ ದೂರದಿಂದ ನೋಡಿ, ಇದು ಬಂದರಿನವರ ಚರ್ಮದ ಉಪಚಾರವೋ ಏನೋ ಅಂತ ಸುಮ್ಮನಾದರು.

ಸೋಮಕ್ಕ ಮಗನ ಕಿವಿ ತೊಳೆಯುತ್ತ ಮತ್ತೆ ಬೈದಳು. ನಿನ್ನ ತಲೆ ಓಡಿಸಬೇಡ ಮಾರಾಯಾ. ಪಕ್ಕದಲ್ಲಿ ದೊಡ್ಡವರು ಯಾರಿದ್ದಾರೆ ನೋಡು, ಅವರು ಏನು ಮಾಡುತ್ತಾರೋ ಅದನ್ನೇ ಮಾಡು, ಕಡೇ ತನಕ ಹಾಗೇ ಮಾಡು.

"ಆಯ್ತವ್ವಿ, ಇನ್ನು ಹಾಂಗೇ ಮಾಡ್ತೆ."

ಪಕ್ಕದಲ್ಲಿದ್ದದ್ದು ಹುಬ್ಬಳ್ಳಿಯ ಡಾಕ್ಟರ್ ಇನಾಮದಾರರು, ಹೆಂಡತಿ ಶಕುಂತಲಾಬಾಯಿಯವರ ಜೊತೆ ಗಾಳಿ ಬದಲಿಸಲು ಬಂದವರು. ಡಾಕ್ಟರು ಕೆಮ್ಮಿದರು, ಬೊಮ್ಮಯ್ಯನೂ ಕೆಮ್ಮಿದ. ಡಾಕ್ಟರು ಕಾಲು ನೀರಲ್ಲಿ ಬಿಟ್ಟರು, ಬೊಮ್ಮಯ್ಯನೂ ಬಿಟ್ಟ. ಬಾಯಿಯವರು ಗಂಡನಿಗೆ ಮಾತ್ರೆ ಹಾಕಲು ಬಂದಾಗ ಎರಡು ಬಾಯಿ ಸಾಲಾಗಿ ತೆರೆದಿದ್ದವು. ಡಾಕ್ಟರಿಗೆ ನಗು ಬಂತು, ಸರಿ, ಬೊಮ್ಮಯ್ಯನೂ ನಕ್ಕ. ಆಮೇಲೆ ಡಾಕ್ಟರು ಎದ್ದು ತಮ್ಮ ಕೋಣೆಗೆ ಹೋಗಿ, ಚಪ್ಪಲಿ ಬಿಟ್ಟು, ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಒರಗಿದರು. ಹಿಂದೆಯೇ ಬಂದ ಬೊಮ್ಮಯ್ಯ ಚಪ್ಪಲಿ ಬಿಟ್ಟ, ಇನ್ನೊಂದು ಬದಿಯಲ್ಲಿ ಗೋಡೆಗೆ ಮುಖ ಮಾಡಿ ಒರಗಿದ. ಡಾಕ್ಟರು ಗೊರಕೆ ಹೊಡೆದರು. ನಿದ್ದೆ ಬರದಿದ್ದರೂ ಬೊಮ್ಮಯ್ಯ ಹೊಡೆಯಲೇಬೇಕಾಯಿತು.

ಬಚ್ಚಲಿನಿಂದ ಹೊರಬಂದ ಶಕುಂತಲಾಬಾಯಿ ಮಂಚ ನೋಡಿ ನಿಂತುಬಿಟ್ಟರು.

"ರೀ, ಏಳ್ರಿ," ಅಂದರು. "ನಾ ಒಳಗ ಹೋಗೂಮುಂದ ನೀವು ಒಬ್ರ ಇದ್ರಿ."

ಡಾಕ್ಟರು ದೊಡ್ಡ ಮನಸ್ಸಿನವರು, ನಕ್ಕು ಕಳಿಸಿಕೊಟ್ಟರು. ಸೋಮಕ್ಕನಿಗೆ ಮಾತ್ರ ಒಂದೇ ಯೋಚನೆ. ಈ ಸುದ್ದಿ ಮೇಡಂ ಕಿವಿಗೆ ಬಿದ್ದರೆ ಅಡುಗೆಮನೆ ಎಲ್ಲಿ ಬಂತು, ಬುಟ್ಟಿಯೇ ಗತಿ. ಮಗನನ್ನು ಎದುರು ಕೂರಿಸಿಕೊಂಡು ಹೇಳಿದಳು, ಮುಚ್ಚಿದ ಬಾಗಿಲು ಕಂಡರೆ ಒಳಗೆ ನುಗ್ಗಬಾರದು ತಮಾ, ಮೊದಲು ತಟ್ಟಬೇಕು. ಒಳಗಿನಿಂದ ಬಾ ಅಂದ ಮೇಲೇ ತೆಗೆಯಬೇಕು, ಅನ್ನದಿದ್ದರೆ ನಿಂತೇ ಇರಬೇಕು.

"ಆಯ್ತವ್ವಿ, ಇನ್ನು ಹಾಂಗೇ ಮಾಡ್ತೆ."

ಭಾನುವಾರ ಬಂತು. ಅಡುಗೆಮನೆಯಲ್ಲಿ ಸೋಮಕ್ಕ ಸೆರಗು ಸಿಕ್ಕಿಸಿ ಕಾಯಿ ತುರಿದಳು, ಮೆಣಸು ಹುರಿದಳು, ಹುಣಸೆ ನೆನೆಹಾಕಿದಳು, ಜುಮ್ಮನಕಾಯಿ ಜಜ್ಜಿದಳು. ಒಂಬತ್ತು ಗಂಟೆಗೆ ಮಗನನ್ನು ಕರೆದು, ಹಿಂದಿನ ಕೋಣೆಯ ಫ್ರಿಜ್ಜಿನಿಂದ ಬಂಗಡೆ ತಾ, ನಲವತ್ತೆರಡು ಉಂಟು, ಒಬ್ಬೊಬ್ಬರಿಗೆ ಮೂರು ಮೂರು ಅಂದಳು. ಮಸಾಲೆ ಕುದಿಯಿತು. ಬೊಮ್ಮಯ್ಯ ಬರಲಿಲ್ಲ. ಮಸಾಲೆ ಉಕ್ಕಿತು. ಬೊಮ್ಮಯ್ಯ ಬರಲಿಲ್ಲ. ಹತ್ತೂವರೆಗೆ ಸೌಟು ಹಿಡಿದೇ ಓಡಿದಳು. ನೋಡಿದರೆ, ಆಳೆತ್ತರದ ಉಕ್ಕಿನ ಫ್ರಿಜ್ಜಿನ ಮುಂದೆ ಮಗ ಕೈ ಕಟ್ಟಿ ನಿಂತಿದ್ದಾನೆ. ಆಗೀಗ ಬೆರಳಲ್ಲಿ ಟಕ್ ಟಕ್ ಅಂತ ಬಡಿಯುತ್ತಾನೆ, ಬಾಗಿಲಿಗೆ ಕಿವಿ ಇಡುತ್ತಾನೆ, ಮತ್ತೆ ನಿಲ್ಲುತ್ತಾನೆ.

"ಒಳಗೆ ಇದ್ದಾರೆ ಅವ್ವಿ," ಅಂದ. "ಗುಂಯ್ ಅಂತ ಮಾತಾಡ್ತಾನೇ ಇದ್ದಾರೆ. ಬಾ ಮಾತ್ರ ಅನ್ನೂದಿಲ್ಲ."

ಸೋಮಕ್ಕನಿಗೆ ಅಳುವೂ ಬಂತು, ಬೈಗುಳವೂ ಬಂತು, ಎರಡಕ್ಕೂ ಪುರುಸೊತ್ತಿರಲಿಲ್ಲ. ಮೀನು ಎಳೆದು ತಂದಳು, ಸೀಳಿದಳು, ತೊಳೆದಳು, ಕುದಿಯುವ ಮಸಾಲೆಗೆ ಬಿಟ್ಟಳು. ಹನ್ನೆರಡೂವರೆಗೆ ಸಾರು ಇಳಿದಾಗ ಪರಿಮಳ ಬೀದಿಯ ತನಕ ಹೋಗಿತ್ತು. ದೊಡ್ಡ ಪಾತ್ರೆ ಹೊರಲು ಅವಳ ಮೊಣಕಾಲಿಗೆ ತ್ರಾಣವಿಲ್ಲ. ಮಗನೇ ಹೊರಬೇಕು, ಮಗನೇ ಬಡಿಸಬೇಕು.

ಆಗ ಅವಳಿಗೆ ಒಂದು ಉಪಾಯ ಹೊಳೆಯಿತು ನೋಡಿ! ಇಡೀ ಲೋಕದಲ್ಲಿ ಬೊಮ್ಮಯ್ಯನಿಗೆ ತಪ್ಪದೆ ಬರುವ ಕೆಲಸ ಒಂದಿತ್ತು. ದೋಣಿ ದಡಕ್ಕೆ ಬಂದಾಗ ಮೀನಿನ ಪಾಲು ಹಾಕುವುದು. ಅವನು ಹಾಕಿದ ಪಾಲಿಗೆ ಬಂದರಿನಲ್ಲಿ ಯಾರೂ ಎರಡು ಮಾತಾಡಿದವರಿಲ್ಲ. ಸೋಮಕ್ಕ ಮಗನ ಕೈಗೆ ಸೌಟು ಕೊಟ್ಟು, ಯಾರನ್ನೂ ಕೇಳುತ್ತ ನಿಲ್ಲಬೇಡ, ಬಂದರಿನಲ್ಲಿ ಹೇಗೆ ಪಾಲು ಹಾಕುತ್ತೀಯೋ ಹಾಗೇ ಹಾಕು, ಯಾರಿಗೂ ಅನ್ಯಾಯ ಆಗಬಾರದು ಅಂದಳು.

ಬೊಮ್ಮಯ್ಯನ ಮುಖ ಅರಳಿತು. "ಆಯ್ತವ್ವಿ, ಹಾಂಗೇ ಮಾಡ್ತೆ!"

ಬಂದರಿನ ಪಾಲು ಹೇಗೆ ಅಂದರೆ, ಬಂದ ಮೀನು ಮೂರು ಪಾಲು. ಮೊದಲನೆಯದು ದೋಣಿಗೆ, ಎರಡನೆಯದು ಬಲೆಗೆ, ಮೂರನೆಯದು ಜನಕ್ಕೆ. ದೋಣಿ ಇಲ್ಲದೆ, ಬಲೆ ಇಲ್ಲದೆ ಮೀನು ಎಲ್ಲಿಂದ ಬರಬೇಕು? ಅಜ್ಜಂದಿರ ಕಾಲದಿಂದ ನಡೆದು ಬಂದದ್ದು. ಅಡುಗೆಮನೆಯಿಂದ ಊಟದ ಕೋಣೆಗೆ ಹೋಗುವ ದಾರಿಯಲ್ಲಿ ಹಾಯಿಮನೆಯ ಮುಂಗಟ್ಟು, ಅಂದರೆ ಬಂದವರು ಹೆಸರು ಬರೆಸುವ ಜಾಗ. ಅಲ್ಲಿ ಅಲಂಕಾರಕ್ಕೆ ಅಂತ ಹಳೇ ಮರದ ದೋಣಿಯೊಂದನ್ನೇ ಮೇಜು ಮಾಡಿದ್ದಾರೆ. ಅದರ ಹಿಂದೆ ಗೋಡೆಯ ತುಂಬ ಬಲೆ, ಬಲೆಗೆ ಮಿಣಿಮಿಣಿ ದೀಪ, ಕೆಳಗೊಂದು ಖಾಲಿ ಹಿತ್ತಾಳೆ ಹಂಡೆ. ಬೊಮ್ಮಯ್ಯ ದೋಣಿಗೆ ಕೈ ಮುಗಿದ. ಒಳಗೆ ಬಾಳೆಎಲೆ ಹಾಸಿ ಹದಿನಾಲ್ಕು ಬಂಗಡೆ ಇಟ್ಟ, ಮೇಲೆ ಸಾರು ಬಿಟ್ಟ. ಬಲೆಗೆ ಕೈ ಮುಗಿದ. ಹಂಡೆಗೆ ಹದಿನಾಲ್ಕು ಬಂಗಡೆ ಇಳಿಸಿದ. ಉಳಿದ ಹದಿನಾಲ್ಕನ್ನು ಹೊತ್ತು ಒಳಗೆ ಹೋದ. ಒಬ್ಬರಿಗೆ ಒಂದು.

ಹದಿನಾಲ್ಕು ಜನ ಹೊಟ್ಟೆ ಹಸಿದು ಕೂತಿದ್ದಾರೆ. ಎದುರಿಗೆ ಮೊರದಷ್ಟು ಅಗಲದ ತಟ್ಟೆ, ನಡುವೆ ಒಂದೇ ಒಂದು ಬಂಗಡೆ, ಸುತ್ತ ಒಂದು ಸೌಟು ಸಾರು. ಮೊದಲ ತುತ್ತಿಗೆ ಎಲ್ಲರ ಮಾತು ನಿಂತಿತು. ಎರಡನೆಯದಕ್ಕೆ ಕಣ್ಣು ಮುಚ್ಚಿತು. ಆಮೇಲೆ ಕೇಳಬೇಡಿ! ಡಾಕ್ಟರು ಮುಳ್ಳು ಚೀಪಿದರು, ಬೆರಳು ಚೀಪಿದರು, ಅನ್ನದಲ್ಲಿ ತಟ್ಟೆ ಒರೆಸಿದರು, ತಟ್ಟೆಯನ್ನು ಬೆಳಕಿಗೆ ಹಿಡಿದು ಎಲ್ಲಾದರೂ ಉಳಿದಿದೆಯೇ ಅಂತ ನೋಡಿದರು. ಹದಿನಾಲ್ಕು ತಟ್ಟೆಗಳೂ ತೊಳೆದಿಟ್ಟ ಹಾಗೆ ವಾಪಸು ಬಂದವು.

ಚಿತ್ರಾ ಮೇಡಂ ಅಡುಗೆಮನೆಗೆ ಓಡಿಬಂದರು, ಕೆನ್ನೆ ಕೆಂಪಾಗಿತ್ತು. ಅಷ್ಟಗಲ ತಟ್ಟೆಯ ನಡುವೆ ಒಂದೇ ಮೀನು ಇಡುವುದು ದೊಡ್ಡ ದೊಡ್ಡ ಹೋಟೆಲಿನ ವಿದ್ಯೆ, ಹಿಂದಿನ ಅಡುಗೆಯವರಿಗೆ ಎರಡು ವರ್ಷ ಹೇಳಿದರೂ ಬರಲಿಲ್ಲ, ನಿಮಗೆ ಯಾರು ಕಲಿಸಿದರು ಸೋಮಕ್ಕ, ನಿಮ್ಮ ಕೆಲಸದ ಕಾಗದ ನನ್ನ ಚೀಲದಲ್ಲೇ ಉಂಟು, ತರುತ್ತೇನೆ ಇರಿ ಅಂದರು. ಆ ಹೊತ್ತಿಗೆ ಯಾರೋ ಕರೆದರು, ಒಂದು ಗಳಿಗೆ ಊಟದ ಕೋಣೆಯ ಕಡೆ ತಿರುಗಿದರು.

ಸೋಮಕ್ಕ ಮಗನ ತೋಳು ಹಿಡಿದಳು. ಒಂದೇ ಮೀನು ಹೇಗಾಯಿತು, ಉಳಿದ ಇಪ್ಪತ್ತೆಂಟು ಎಲ್ಲಿ? ದೋಣಿಯ ಪಾಲು ದೋಣಿಗೆ, ಬಲೆಯ ಪಾಲು ಬಲೆಗೆ ಅಂದ ಬೊಮ್ಮಯ್ಯ. ಸೋಮಕ್ಕನ ಜೀವ ಹಾರಿತು. ಮೇಡಂ ನೋಡುವ ಮೊದಲು ಅದನ್ನು ಅಲ್ಲಿಂದ ಎತ್ತಬೇಕು.

"ದೋಣಿಗೆ ಬಾಯಿ ಉಂಟೇನೋ, ಬಲೆಗೆ ಹೊಟ್ಟೆ ಉಂಟೇನೋ?" ಅಂದಳು. "ಪಾಲು ಅವುಗಳ ಯಜಮಾನರಿಗೆ ಹೋಗೂದಲ್ದಾ? ಓಡು, ಎತ್ತು!"

"ಆಯ್ತವ್ವಿ, ಯಜಮಾನರಿಗೇ ಮುಟ್ಟಿಸ್ತೆ."

ಮೊಣಕಾಲು ಎಳೆಯುತ್ತ ಸೋಮಕ್ಕ ಮುಂಗಟ್ಟಿಗೆ ಬರುವುದಕ್ಕೂ ಮೇಡಂ ಬರುವುದಕ್ಕೂ ಸರಿಹೋಯಿತು. ದೋಣಿಯ ಯಜಮಾನ್ತಿ ಚಿತ್ರಾ ಮೇಡಂ. ಬಂದರಿನಲ್ಲಿ ಯಜಮಾನರ ಪಾಲು ಯಜಮಾನರ ಬುಟ್ಟಿಗೆ ಬೀಳಬೇಕು. ದೋಣಿಯ ಮೇಲೆ ಮೇಡಂ ಅವರ ಬೆತ್ತದ ಕೈಚೀಲ ಇತ್ತು, ಥೇಟು ಬುಟ್ಟಿಯ ಹಾಗೆ, ಬಾಯಿ ತೆರೆದು. ಬೊಮ್ಮಯ್ಯ ಬಾಳೆಎಲೆ ಮಡಚಿ ಪಕ್ಕಕ್ಕಿಟ್ಟು ದೂರ ಸರಿದು ನಿಂತಿದ್ದ. ಮೇಡಂ ಕಾಗದಕ್ಕೆ ಅಂತ ಚೀಲದೊಳಗೆ ಕೈ ಹಾಕಿದರು. ಕೈ ಹೊರಗೆ ಬಂದಾಗ ಬೆರಳುಗಳ ನಡುವೆ ಬಂಗಡೆ ಇತ್ತು.

ಸೋಮಕ್ಕ ಕಣ್ಣು ಮುಚ್ಚಿಕೊಂಡಳು. ಬುಟ್ಟಿ ತಿರುಗಿ ಬಂದು ತಲೆಯ ಮೇಲೆ ಕೂತ ಹಾಗಾಯಿತು.

ಮೇಡಂ ಬೆಳಗಿನಿಂದ ಓಡಾಟದಲ್ಲಿ ಒಂದು ತುತ್ತು ಉಂಡಿರಲಿಲ್ಲ. ಬಂಗಡೆಯನ್ನು ನೋಡಿದರು, ಮೂಸಿದರು, ಆಚೀಚೆ ಕಣ್ಣಾಡಿಸಿದರು. ಆಮೇಲೆ ಅಲ್ಲೇ ನಿಂತು, ರೇಷ್ಮೆ ಸೀರೆಯಲ್ಲೇ, ತಲೆಯಿಂದ ಬಾಲದ ತನಕ ಬಿಡದೆ ತಿಂದರು.

"ಸೋಮಕ್ಕ, ನಿಮ್ಮ ಕಾಗದ ಸಾರಲ್ಲಿ ಕರಗಿ ಹೋಯಿತು," ಅಂದರು. "ಇರಲಿ, ಇನ್ನೊಂದು ಬರೆಯೋಣ. ನಾಳೆ ಬೆಳಿಗ್ಗೆ ಆರು ಗಂಟೆಗೆ ಬನ್ನಿ."

"ಇವನು?" ಸೋಮಕ್ಕ ಮಗನ ಕಡೆ ಬೆರಳು ಮಾಡಿದಳು.

"ಇವನು ಬರದಿದ್ದರೆ ಬಡಿಸುವವರು ಯಾರು?"

ಸೋಮಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು, ಅಳುತ್ತಲೇ ನಕ್ಕಳು. ಆ ಸಂತೋಷದಲ್ಲಿ ಮಗನಿಗೆ ಬೈಯುವುದನ್ನು ಮರೆತಳು, ಹೊಸ ಬುದ್ಧಿ ಹೇಳುವುದನ್ನೂ ಮರೆತಳು. ಹುಟ್ಟಿದಾರಭ್ಯ ಮೊದಲ ಸಲ ಬೊಮ್ಮಯ್ಯನಿಗೆ ಹೊಸ ಬುದ್ಧಿ ಸಿಗಲಿಲ್ಲ. ಹಳೆಯದೇ ಉಳಿಯಿತು. ದೋಣಿಯ ಪಾಲು ಮುಟ್ಟಿತು, ಬಲೆಯ ಪಾಲು ಬಾಕಿ.

ಅಷ್ಟರಲ್ಲಿ ಊಟದ ಕೋಣೆಯಿಂದ ಶಕುಂತಲಾಬಾಯಿಯವರು ಹೊರಬಂದರು. ಎಸಿ ಥಂಡಿಗೆ ಅಂತ ತಾವೇ ಹೆಣೆದ ಶಾಲು ಹೊದ್ದಿದ್ದರು. ಬೆರಳು ತೂರುವಷ್ಟು ದೊಡ್ಡ ದೊಡ್ಡ ಕಣ್ಣಿನ ಬಿಳೀ ನೂಲಿನ ಶಾಲು, ಹೆಗಲಿನಿಂದ ಸೊಂಟದ ತನಕ. ಬೊಮ್ಮಯ್ಯ ಗೋಡೆಯ ಬಲೆ ನೋಡಿದ, ಶಾಲು ನೋಡಿದ, ಮತ್ತೆ ಬಲೆ ನೋಡಿದ. ಹಿತ್ತಾಳೆ ಹಂಡೆಯನ್ನು ಎರಡೂ ತೋಳಲ್ಲಿ ಎತ್ತಿದ.

"ಬಲೆ ಯಜಮಾನ್ತೀರೆ," ಅಂದ ಭಕ್ತಿಯಿಂದ, "ನಿಮ್ಮ ಪಾಲು."

ಏನಪಾ ಅಂತ ಅವರು ತಿರುಗುವಷ್ಟರಲ್ಲಿ ಹದಿನಾಲ್ಕು ಬಂಗಡೆಯೂ ಬಲೆಗೆ ಬಿದ್ದಿದ್ದವು.