ರಸ್ತೆಯಾಚೆಯ ಮುಖ

"ಗುರುಗಳೇ, ಫೋನಿನಲ್ಲಿ ತೆಗೆದ ಫೋಟೋ ನಿಚ್ಚಳವಾಗಿ ಬರಬೇಕಾದರೆ ಏನು ಮಾಡಬೇಕು?"

ಕೇಳಿದವನು ಮಹಾಂತ. ಮಠದ ದಾಸೋಹದ ಫೋಟೋ ತೆಗೆದು ಭಕ್ತರಿಗೆ ಕಳುಹಿಸುವ ಕೆಲಸ ಆ ತಿಂಗಳು ಅವನ ಪಾಲಿಗೆ ಬಂದಿತ್ತು. ಅವನು ತೆಗೆದದ್ದೆಲ್ಲ ಮಸುಕಾಗಿತ್ತು. ಜೊತೆಯವರು ನಕ್ಕರು. ಗುರುಗಳನ್ನು ಕೇಳುವ ಪ್ರಶ್ನೆಯೇ ಇದು ಎಂದರು. ಗುರುಗಳು ನಗಲಿಲ್ಲ.

"ಇದೇ ಪ್ರಶ್ನೆಯನ್ನು ಇನ್ನೊಬ್ಬನೂ ಕೇಳಿದ್ದ. ಅವನ ಕತೆ ಹೇಳುತ್ತೇನೆ, ಕೂತುಕೋ," ಎಂದರು.

ಒಂದು ಊರಿನಲ್ಲಿ ಅಡಿವೆಪ್ಪ ಎಂಬ ಹಿಟ್ಟಿನ ಗಿರಣಿಯವನಿದ್ದ. ಬೇರೆ ಊರಿನಿಂದ ಬಂದು ನೆಲೆಸಿದವನು. ಮದುವೆಯಾಗಿರಲಿಲ್ಲ. ಗಿರಣಿಯ ಹಿಂದಿನ ಕೋಣೆಯಲ್ಲೇ ಅಡುಗೆ, ಅಲ್ಲೇ ಹಾಸಿಗೆ. ವಯಸ್ಸು ಐವತ್ತು ದಾಟಿತ್ತು.

ಗಿರಣಿ ನಡೆಯುವಾಗ ಮಾತು ಕೇಳಿಸುವುದಿಲ್ಲ. ಬಂದವರು ಡಬ್ಬಿ ಇಡುತ್ತಿದ್ದರು. ಸಣ್ಣಗೆ ಬೇಕೋ ದಪ್ಪಗೆ ಬೇಕೋ ಬೆರಳಿನಲ್ಲಿ ಸನ್ನೆ ಮಾಡುತ್ತಿದ್ದರು. ಅವನು ತಲೆಯಾಡಿಸುತ್ತಿದ್ದ. ಹೀಗೆ ಇಪ್ಪತ್ತೆರಡು ವರ್ಷ ಕಳೆದಿತ್ತು. ಊರಿನವರ ಮುಖಕ್ಕಿಂತ ಅವರ ಡಬ್ಬಿಗಳೇ ಅವನಿಗೆ ಚೆನ್ನಾಗಿ ಗೊತ್ತಿದ್ದವು. ಯಾವುದರ ಮುಚ್ಚಳ ಸಡಿಲ, ಯಾವುದರ ಹಿಡಿಕೆ ಮುರಿದಿದೆ, ಎಲ್ಲ ಹೇಳಬಲ್ಲವನಾಗಿದ್ದ. ಅದೇ ಜನ ಸಂತೆಯಲ್ಲಿ ಬರಿಗೈಯಲ್ಲಿ ಎದುರಾದರೆ ಗುರುತು ಹತ್ತುತ್ತಿರಲಿಲ್ಲ.

ಪ್ರತಿ ಗುರುವಾರ ನೀಲವ್ವ ಎಂಬ ಹೆಂಗಸು ಜೋಳ ತರುತ್ತಿದ್ದಳು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಅಣ್ಣನ ಮಗಳ ಮನೆಯಲ್ಲಿ ಇದ್ದಳು. ಬೇರೆ ಹೆಂಗಸರು ಗಿರಣಿಯ ಬಾಗಿಲಲ್ಲೇ ಕೂರುತ್ತಿದ್ದರು. ನೀಲವ್ವ ಕೂರುತ್ತಿರಲಿಲ್ಲ. ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡು ಬರುತ್ತಿದ್ದಳು. ಡಬ್ಬಿಯನ್ನು ಹೊರಗಿನ ಕಟ್ಟೆಯ ಮೇಲಿಟ್ಟು, ರಸ್ತೆ ದಾಟಿ, ಎದುರಿನ ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದಳು. ಅಲ್ಲಿ ಹೋದ ಮೇಲೆ ಸೆರಗು ತೆಗೆಯುತ್ತಿದ್ದಳು. ಬೀಸಿ ಮುಗಿದಾಗ ಮತ್ತೆ ಮುಖ ಮುಚ್ಚಿಕೊಂಡು ಬಂದು ಡಬ್ಬಿ ಎತ್ತಿಕೊಂಡು ಹೋಗುತ್ತಿದ್ದಳು.

ತನ್ನ ಬೆವರಿನ ಮೈ ಕಂಡು ಹೇಸುತ್ತಾಳೆ ಎಂದು ಅಡಿವೆಪ್ಪ ತಿಳಿದುಕೊಂಡ. ಕೇಳಲಿಲ್ಲ. ಆದರೂ ವಾರದ ಏಳು ದಿನಗಳಲ್ಲಿ ಗುರುವಾರ ಮಾತ್ರ ಅವನು ಒಗೆದ ಅಂಗಿ ಹಾಕಿಕೊಳ್ಳುತ್ತಿದ್ದ. ಹತ್ತು ನಿಮಿಷದಲ್ಲಿ ಅದೂ ಹಿಟ್ಟಾಗುತ್ತಿತ್ತು.

ಆ ವರ್ಷ ಅವನು ಕ್ಯಾಮೆರಾ ಇರುವ ಫೋನು ಕೊಂಡ. ಒಂದು ಗುರುವಾರ ಗಿರಣಿಯ ಒಳಗೆ ನಿಂತೇ ರಸ್ತೆಯಾಚೆ ನಿಂತ ನೀಲವ್ವನ ಫೋಟೋ ತೆಗೆದ. ಅವಳನ್ನು ಕೇಳದೆ ತೆಗೆದ. ಅದು ಸರಿಯಲ್ಲ ಎಂಬುದು ಅವನಿಗೆ ಗೊತ್ತಿತ್ತು. ಸಂಜೆ ಗಿರಣಿ ನಿಲ್ಲಿಸಿ, ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದ. ಮುಖವಿರುವ ಜಾಗದಲ್ಲಿ ಬಿಳಿ ಮಂಜು ಇತ್ತು.

ಅವನು ಪೇಟೆಯ ಸ್ಟುಡಿಯೋಗೆ ಹೋದ. ಅಲ್ಲಿ ವಿಠ್ಠಲಸಾ ಎಂಬ ಫೋಟೋದವನಿದ್ದ. ಮುದುಕ. ಮಾತು ಹೆಚ್ಚು. ಫೋಟೋ ನೋಡಿ, "ಯಾರ್ರೀ ಇವರು?" ಎಂದ.

"ಯಾರೋ ಗಿರಾಕಿ. ನಾ ಮರದ ಫೋಟೋ ತಗದೆ."

"ಹಂಗಾರ ಮರ ಚೊಲೋ ಬಂದೈತಿ ಬಿಡ್ರಿ."

ಅಡಿವೆಪ್ಪ ಎದ್ದು ಹೋಗಲಿಲ್ಲ. ವಿಠ್ಠಲಸಾ ಅವನ ಮುಖ ನೋಡಿದ. ಫೋನು ಇಸಿದುಕೊಂಡು ಅದರ ಹಿಂಬದಿಯನ್ನು ಬೆಳಕಿಗೆ ಹಿಡಿದ.

"ಫೋನಿನ ಕಣ್ಣಿಗೆ ಹಿಟ್ಟು ಮೆತ್ತೈತಿ. ಇದನ್ನ ಒರಸದ ಏನ್ ತಗದ್ರೂ ಮಂಜ ಬೀಳತೈತಿ. ಮತ್ತ, ಮಷೀನ್ ನಡದಾಗ ತಗೀಬ್ಯಾಡ್ರಿ. ನೆಲ ನಡಗತೈತಿ, ಫೋಟೋನೂ ನಡಗತೈತಿ. ನೀವು ನಿಂತಿದ್ದು ಕತ್ತಲಾಗ, ಆಚಿ ಕಡೆ ಬಿಸಲು. ತಗಿಯೋ ಮುಂದ ಮುಖದ ಮ್ಯಾಲ ಒಂದು ಬೆರಳ ಇಡ್ರಿ. ಎಲ್ಲಿ ನೋಡಬೇಕು ಅಂತ ಫೋನಿಗೆ ನಾವ ಹೇಳಬೇಕು."

ಅಡಿವೆಪ್ಪ ಎಲ್ಲಕ್ಕೂ ತಲೆಯಾಡಿಸಿದ. ಹೊರಡುವಾಗ ಮುದುಕ ಮತ್ತೆ ಕರೆದ.

"ಇನ್ನೊಂದು ಮಾತು. ಎರಡು ಬೆರಳಿಲೆ ಜಗ್ಗಿ ಜಗ್ಗಿ ಹತ್ರ ತರಬ್ಯಾಡ್ರಿ. ಜಗ್ಗಿದಷ್ಟೂ ಮುಖ ಹರೀತೈತಿ. ಕಾಲಿಲೆ ನಡಕೋತ ಹೋಗ್ರಿ. ಮೂವತ್ತು ಹೆಜ್ಜಿ ಇರಬೇಕು, ಅಷ್ಟ."

ಅಡಿವೆಪ್ಪ ಮೊದಲ ಮೂರು ಮಾತು ಪಾಲಿಸಿದ. ಮೆತ್ತಗಿನ ಬಟ್ಟೆಯೊಂದನ್ನು ಫೋನಿಗೆಂದೇ ತೆಗೆದಿಟ್ಟ. ಬೆರಳು ಇಡುವುದನ್ನು ಕಲಿತ. ಗುರುವಾರ ಹನ್ನೊಂದರ ಹೊತ್ತಿಗೆ ಅವನ ಗಿರಣಿ ಎರಡು ನಿಮಿಷ ನಿಲ್ಲತೊಡಗಿತು. ಬಾಗಿಲಲ್ಲಿ ಕೂತ ಹೆಂಗಸರು ಕರೆಂಟು ಹೋಯಿತೆಂದು ತಿಳಿಯುತ್ತಿದ್ದರು. ಆ ಎರಡು ನಿಮಿಷ ಅಲ್ಲಿ ಯಾರು ಮಾತಾಡಿದರೂ ರಸ್ತೆಯಾಚೆ ಕೇಳಿಸುವಂತಿರುತ್ತಿತ್ತು. ಅವನು ಮಾತಾಡಲಿಲ್ಲ. ಫೋಟೋ ತೆಗೆದ.

ಮಂಜು ತೆಳುವಾಯಿತು, ಮುಖ ಮಾತ್ರ ಮೂಡಲಿಲ್ಲ. ನಡೆದು ಹತ್ತಿರ ಹೋಗಬೇಕೆಂಬ ನಾಲ್ಕನೆಯ ಮಾತು ಅವನಿಂದ ಆಗಲಿಲ್ಲ. ಒಮ್ಮೆ ಫೋನು ಹಿಡಿದುಕೊಂಡೇ ಹೊಸ್ತಿಲು ದಾಟಿ, ಕಟ್ಟೆ ಇಳಿದು, ರಸ್ತೆಯ ಅಂಚಿನ ತನಕ ಹೋದ. ನೀಲವ್ವ ತಲೆಯೆತ್ತಿ ಅವನ ಕಡೆ ನೋಡಿದಳು. ಅವನು ಅಲ್ಲೇ ಬಗ್ಗಿ, ನೆಲದ ಮೇಲೆ ಏನೋ ಬಿದ್ದದ್ದನ್ನು ಹುಡುಕುವವನಂತೆ ಮಾಡಿ, ಒಳಗೆ ಬಂದುಬಿಟ್ಟ. ಬಂದವನೇ ಮಷೀನು ಚಾಲೂ ಮಾಡಿದ.

ಮುಂದಿನ ತಿಂಗಳು ಆ ಫೋನು ಕೊಟ್ಟು ಇನ್ನೂ ದೊಡ್ಡ ಫೋನು ತಂದ. ಹಳೆಯ ಫೋಟೋಗಳೆಲ್ಲ ಅದಕ್ಕೆ ಬಂದವು. ದೂರದ್ದನ್ನು ಹತ್ತಿರ ತೋರಿಸುತ್ತದೆ, ಚಂದ್ರನನ್ನೂ ಬಿಡುವುದಿಲ್ಲ ಎಂದು ಅಂಗಡಿಯವನು ಹೇಳಿದ್ದ. ಗುರುವಾರ ಒಳಗೆ ನಿಂತೇ ತೆಗೆದ. ಈ ಸಲ ಮುಖ ಬಂದಿತ್ತು. ಕಣ್ಣು, ಮೂಗು, ತುಟಿ, ಎಲ್ಲ ಗೆರೆ ಕೊರೆದ ಹಾಗೆ ಬಂದಿದ್ದವು. ಕೆನ್ನೆ ನುಣುಪಾಗಿತ್ತು.

ಅಡಿವೆಪ್ಪನಿಗೆ ಆದ ಸಂತೋಷ ಹೇಳಲು ಒಬ್ಬರೂ ಇರಲಿಲ್ಲ. ಸಂಜೆ ರೊಟ್ಟಿ ಬಡಿದುಕೊಂಡು, ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿಟ್ಟು, ಆ ಮುಖದ ಎದುರು ಕೂತು ಉಂಡ. ಮರುದಿನವೂ ಹಾಗೆಯೇ ಉಂಡ. ಒಂದು ವರ್ಷ ಹಾಗೆಯೇ ಉಂಡ. ಕೆಲವು ದಿನ, "ಪಲ್ಲೆಕ್ಕ ಉಪ್ಪು ಕಡಿಮಿ ಆಗೇತಿ," ಎಂದು ಅದಕ್ಕೆ ಹೇಳುತ್ತಲೂ ಇದ್ದ.

ಆಮೇಲೆ ಒಂದು ಗುರುವಾರ ನೀಲವ್ವ ಬರಲಿಲ್ಲ. ಮುಂದಿನ ಗುರುವಾರವೂ ಬರಲಿಲ್ಲ. ಅವಳ ಮನೆ ಯಾವ ಓಣಿಯಲ್ಲಿದೆ ಎಂಬುದು ಅಡಿವೆಪ್ಪನಿಗೆ ಗೊತ್ತಿರಲಿಲ್ಲ. ಯಾರನ್ನಾದರೂ ಕೇಳಬಹುದಿತ್ತು. ಇವನಿಗೇಕೆ ಎಂದಾರು ಎಂದು ಸುಮ್ಮನಿದ್ದ.

ನಾಲ್ಕನೆಯ ವಾರ ಒಬ್ಬ ಹರೆಯದ ಹೆಂಗಸು ಬಂದಳು. ಕೈಯಲ್ಲಿ ಡಬ್ಬಿ ಇರಲಿಲ್ಲ. ಮಷೀನು ನಿಲ್ಲಿಸುವಂತೆ ಸನ್ನೆ ಮಾಡಿದಳು.

"ನಾ ನೀಲವ್ವನ ಅಣ್ಣನ ಮಗಳ್ರಿ, ಶೈಲಾ. ಅತ್ತಿ ತೀರಿಕೊಂಡ್ಲು. ಇಪ್ಪತ್ತೈದು ದಿನ ಆತು."

ಅಡಿವೆಪ್ಪ ಕೈಯಲ್ಲಿದ್ದ ಹಿಟ್ಟನ್ನು ಒರಸಿಕೊಂಡ. ಒರಸಿಕೊಂಡ ಮೇಲೂ ಒರಸಿಕೊಳ್ಳುತ್ತಲೇ ಇದ್ದ.

"ಗ್ವಾಡಿಗೆ ಹಾಕಾಕ ಒಂದು ಫೋಟೋ ಇಲ್ರಿ. ಗುರುತಿನ ಚೀಟ್ಯಾಗ ಐತಿ, ಅದರಾಗ ಅಕಿ ಬದುಕಿದ್ದಾಗನ ಸತ್ತೋರಂಗ ಕಾಣ್ತಾಳ. ಗಿರಣ್ಯಾವ್ರು ನನ್ನ ಫೋಟೋ ತಗೀತಾರ ಅಂತ ಅತ್ತಿ ಹೇಳತಿದ್ಲು. ಅದಕ್ಕ ಬಂದೆ."

ನೀಲವ್ವನಿಗೆ ಗೊತ್ತಿತ್ತು. ಅಡಿವೆಪ್ಪನ ಕಿವಿ ಬಿಸಿಯಾಯಿತು.

"ಸಿಟ್ಟು ಮಾಡಿಕೊಂಡಿದ್ರೇನು?"

"ಇಲ್ರಿ. ನಗತಿದ್ಲು."

ಅವನು ಫೋನು ತೆಗೆದು, ದಿನವೂ ನೋಡುತ್ತಿದ್ದ ಆ ಫೋಟೋವನ್ನು ತೋರಿಸಿದ. ಶೈಲಾ ಬಹಳ ಹೊತ್ತು ನೋಡಿದಳು.

"ಸೀರಿ ಅತ್ತಿದು. ಮರಾನೂ ಇದ. ಆದ್ರ ಇದು ಅತ್ತಿ ಅಲ್ರಿ."

"ಅಲ್ಲಂದ್ರ? ನಾನ ತಗದೇನಲ್ಲವ್ವಾ."

"ಅತ್ತಿ ಗದ್ದದ ಮ್ಯಾಲ ಮೂರು ಹಸರ ಚುಕ್ಕಿ ಹಚ್ಚಿ ಇತ್ತು. ಒಂದು ಹುಬ್ಬು ಅರ್ಧ ಇದ್ದಿದ್ದಿಲ್ಲ, ಸಣ್ಣಾಕಿ ಇದ್ದಾಗ ಬಿದ್ದು ಗಾಯ ಆಗಿತ್ತು. ಇದು ಯಾರ ಮುಖಾನೋ ಏನೋ."

ಅಂದು ಗಿರಣಿಗೆ ಬೀಗ ಬಿತ್ತು. ಇಬ್ಬರೂ ವಿಠ್ಠಲಸಾನ ಹತ್ತಿರ ಹೋದರು. ಮುದುಕ ಕನ್ನಡಕ ಏರಿಸಿ ನೋಡಿದ.

"ಇಷ್ಟು ದೂರದಿಂದ ಫೋನಿಗೆ ಮುಖ ಕಂಡಿಲ್ಲ. ಕಾಣಲಾರದ್ದನ್ನ ತಾನ ತುಂಬಿಕೊಂಡೈತಿ. ಚುಕ್ಕಿ, ಕಲೆ ಎಲ್ಲಾ ಹೊಲಸು ಅಂತ ತಿಳಕೊಂಡು ಅಳಿಸೈತಿ."

"ಸರಿ ಮಾಡಾಕ ಬರೂದಿಲ್ಲೇನು?" ಅಡಿವೆಪ್ಪ ಕೇಳಿದ.

"ತಿದ್ದಬಹುದು. ನೀವು ಹೇಳಿದಂಗ ತಿದ್ದತೇನಿ. ಕಣ್ಣು ಹೆಂಗಿದ್ವು? ದೊಡ್ಡವೋ ಸಣ್ಣವೋ? ವಾರ ವಾರ ನೋಡೀರಲ್ಲ."

ಅಡಿವೆಪ್ಪ ಹೇಳಲು ಬಾಯಿ ತೆರೆದ. ಅವಳ ಡಬ್ಬಿಯ ಒಂದು ಮಗ್ಗುಲು ತಗ್ಗಾಗಿತ್ತು, ಅದು ಗೊತ್ತಿತ್ತು. ಅವಳಿಗೆ ಜೋಳ ಎಷ್ಟು ಸಣ್ಣಗೆ ಬೀಸಬೇಕು, ಅದು ಗೊತ್ತಿತ್ತು. ಕಣ್ಣು ನೆನಪಿಗೆ ತಂದುಕೊಳ್ಳಲು ನೋಡಿದ. ಫೋನು ಬರೆದ ಕಣ್ಣೇ ಬಂತು. ಅದನ್ನು ಬದಿಗೆ ಸರಿಸಿ ಹುಡುಕಿದ. ಅದರ ಹಿಂದೆ ಏನೂ ಇರಲಿಲ್ಲ.

"ನನಗ ಗೊತ್ತಿಲ್ರಿ," ಎಂದ.

"ತಿದ್ದಿದ ಮುಖ ಬ್ಯಾಡ್ರಿ," ಎಂದ ಶೈಲಾ ಫೋನು ಇಸಿದುಕೊಂಡು ಒಂದೊಂದಾಗಿ ಹಿಂದಕ್ಕೆ ಸರಿಸುತ್ತ ಹೋದಳು. ಎಲ್ಲದರಲ್ಲೂ ಅದೇ ನುಣುಪು ಮುಖ, ಇಲ್ಲವೇ ಮಂಜು. ಕೊನೆಗೆ ಹಳೆಯ ಫೋನಿನಲ್ಲಿ ತೆಗೆದದ್ದೊಂದು ಸಿಕ್ಕಿತು. ನೀಲವ್ವ ಡಬ್ಬಿಯನ್ನು ಸೊಂಟದ ಮೇಲಿಟ್ಟುಕೊಂಡು ಮನೆಗೆ ಹೋಗುತ್ತಿದ್ದಾಳೆ. ಬೆನ್ನು ಮಾತ್ರ ಕಾಣುತ್ತದೆ. ಭಾರಕ್ಕೆ ಒಂದು ಕಡೆ ವಾಲಿದ್ದಾಳೆ.

"ಇದು ಅತ್ತಿ," ಎಂದಳು ಶೈಲಾ. ಅಷ್ಟರವರೆಗೆ ಅಳದವಳು ಅಲ್ಲಿ ಅತ್ತಳು.

ವಿಠ್ಠಲಸಾ ಅದನ್ನೇ ದೊಡ್ಡದು ಮಾಡಿ ಚೌಕಟ್ಟು ಹಾಕಿಕೊಟ್ಟ. ಆ ಮನೆಯ ಗೋಡೆಯ ಮೇಲೆ ಈಗಲೂ ಅದೇ ಇದೆ. ಮಾಲೆ ಹಾಕಿದ ಫೋಟೋದಲ್ಲಿ ಒಬ್ಬ ಹೆಂಗಸಿನ ಬೆನ್ನು. ಬಂದವರು ಏಕೆ ಹೀಗೆ ಎಂದು ಕೇಳುತ್ತಾರೆ.

ಅಂದು ಸ್ಟುಡಿಯೋದ ಮೆಟ್ಟಿಲಲ್ಲಿ ಅಡಿವೆಪ್ಪ ಶೈಲಾಳನ್ನು ನಿಲ್ಲಿಸಿದ.

"ಒಂದು ಕೇಳ್ತೀನಿ, ತಪ್ಪು ತಿಳೀಬ್ಯಾಡವ್ವಾ. ನನ್ನ ಗಿರಣಿಗೆ ಬಂದಾಗ ಅವರು ಮೂಗು ಯಾಕ ಮುಚ್ಚತಿದ್ರು?"

"ಅತ್ತಿಗೆ ದಮ್ಮಿತ್ರಿ. ಹಿಟ್ಟಿನ ಧೂಳು ಹೋದ್ರ ಉಸಿರ ಕಟ್ಟತಿತ್ತು. ಅದಕ್ಕ ದೂರ ನಿಲ್ಲತಿದ್ಲು."

"ಮತ್ತ ಬರಾಕ ಯಾಕ ಬರತಿದ್ರು? ಯಾರನ್ನರ ಕಳಸಬೇಕಿತ್ತು."

"ಕಳಸೂದು ಯಾಕ, ನಮ್ಮ ಓಣ್ಯಾಗ ಒಂದು ಗಿರಣಿ ಐತ್ರಿ. ಅಲ್ಲೇ ಹಾಕಿಸೋಣು ಅಂದ್ರ ಅತ್ತಿ ಒಲ್ಲೆ ಅಂತಿದ್ಲು. ಗುರುವಾರ ಬಂತಂದ್ರ ಅಷ್ಟು ದೂರ ನಡಕೋತ ನಿಮ್ಮಲ್ಲಿಗೇ ಬರತಿದ್ಲು."

"ಯಾಕ?"

"ನಾವೂ ಯಾವತ್ತೂ ಕೇಳಿದ್ದಿಲ್ರಿ."

ಅವಳು ಹೋದಳು. ಅಡಿವೆಪ್ಪ ಆ ಮೆಟ್ಟಿಲ ಮೇಲೆ ಎಷ್ಟು ಹೊತ್ತು ಕೂತಿದ್ದನೋ, ವಿಠ್ಠಲಸಾ ಅಂಗಡಿ ಮುಚ್ಚುವಾಗಲೂ ಅಲ್ಲೇ ಇದ್ದ.

ಮರು ಗುರುವಾರ ಹನ್ನೊಂದಕ್ಕೆ ಗಿರಣಿ ನಿಂತಿತು. ಅಡಿವೆಪ್ಪ ಹೊಸ್ತಿಲು ದಾಟಿ, ಕಟ್ಟೆ ಇಳಿದು, ರಸ್ತೆ ದಾಟಿದ. ಬೇವಿನ ಮರದ ಕೆಳಗೆ ನಿಂತು ತಿರುಗಿ ನೋಡಿದ. ಅಲ್ಲಿಂದ ಗಿರಣಿಯ ಬಾಗಿಲು ಕಪ್ಪಗೆ ಕಾಣುತ್ತಿತ್ತು. ಒಳಗೆ ಯಾರಿದ್ದರೂ ಕಾಣುವಂತಿರಲಿಲ್ಲ. ನೀಲವ್ವ ಅಷ್ಟು ವರ್ಷ ಆ ಕತ್ತಲೆಯನ್ನೇ ನೋಡುತ್ತ ನಿಂತಿದ್ದಳು.

ಗಿರಾಕಿಗಳು ಕೂಗಿದರು. ಅವನು ಹೋಗಿ ಮಷೀನು ಚಾಲೂ ಮಾಡಿದ. ಆ ಸಂಜೆ ಉಣ್ಣುವ ಮೊದಲು ಫೋನಿನಲ್ಲಿದ್ದ ನುಣುಪು ಮುಖವನ್ನು ಅಳಿಸಿದ. ಗೋಡೆ ನೋಡಿಕೊಂಡು ಉಂಡ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮಹಾಂತ ತನ್ನ ಫೋನನ್ನು ಕೈಯಲ್ಲಿ ತಿರುಗಿಸುತ್ತ ಕೂತಿದ್ದ.

"ಗುರುಗಳೇ," ಎಂದ, "ಅವಳು ಇದ್ದಾಗಲೇ ಅವನು ಆ ಮೂವತ್ತು ಹೆಜ್ಜೆ ನಡೆದಿದ್ದರೆ, ಫೋಟೋ ಚೆನ್ನಾಗಿ ಬರುತ್ತಿತ್ತಲ್ಲವೇ?"

ಗುರುಗಳು ಹೇಳಿದರು: "ನಡೆದಿದ್ದರೆ, ಅವನು ಫೋಟೋ ತೆಗೆಯುವುದನ್ನೇ ಮರೆಯುತ್ತಿದ್ದ."