ಪಂಚಮಿ ಉಂಡಿಯ ಆರ್ಡರೂ ದುಂಡಪ್ಪನ ಎಕ್ಸೆಲ್ ಹಾಳೆಯೂ

ಕಾರಹುಣ್ಣಿಮೆಯ ಮರುದಿನ, ಸೋಮವಾರ, ದುಂಡಪ್ಪ ಮೊದಲ ಸಲ ಮನೆ ಬಿಟ್ಟು ಹೊರಟ. ಸಿಟ್ಟಿನಿಂದಲ್ಲ. ಅವ್ವ ಹೇಳಿದ್ದಳು, ಅದಕ್ಕೆ.

ಅವ್ವ ನಿಂಬೆವ್ವ. ಬೆಟಗೇರಿಯಲ್ಲಿ ಉಂಡಿ ಕಟ್ಟುವ ಕೆಲಸ ಅವಳದು. ಒಬ್ಬನೇ ಮಗ, ಅವನೂ ಹಿಂಗೆ. ಅವತ್ತು ಮಾಳಿಗೆ ಮೇಲೆ ಹಳೇ ಸೀರೆ ಹಾಸಿ ಸಂಡಿಗೆ ಒಣಹಾಕಿ, "ಕಾಗಿ ಬರ್ತಾವೇನು ನೋಡ್ತಿರು" ಅಂತ ಹೇಳಿ ಹೋಗಿದ್ದಳು. ತಿರುಗಿ ಬಂದರೆ ಸಂಡಿಗೆ ಇಲ್ಲ, ಬರೀ ಸೀರೆ!

"ಬಂದಿದ್ವು ಅವ್ವಾ. ಹೊಟ್ಟೆ ತುಂಬ ತಿಂದು ಹೋದ್ವು. ಎಲ್ಲಾ ನೋಡಿದೆ!"

"ಅಯ್ಯೋ ಖೋಡಿ! ನನ್ನ ಕಣ್ಣಿಗೆ ಬೀಳದಂಗ ಎಲ್ಲೆರೆ ಹೋಗು!"

ಹೋದ. ಸಂಜೆಯಾದರೂ ಬರಲಿಲ್ಲ, ಅವ್ವ ಹುಡುಕಿಕೊಂಡು ಹೊಲದ ಹಾದಿ ಹಿಡಿದಳು. ಅವಳನ್ನು ಕಂಡದ್ದೇ ತಡ, ಮಗ ಓಟ ಕಿತ್ತ.

"ನಿಲ್ಲೋ!"

"ಹ್ಯಾಂಗ ನಿಲ್ಲಲಿ? ನಿನ್ನ ಕಣ್ಣಿಗೆ ಬೀಳ್ತೇನಿ!"

ಅವಳು ಓಡಿದಷ್ಟೂ ಅವನು ಓಡಿದ. ಕಡೆಗೆ ನಿಂಬೆವ್ವ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು, "ಮುಚ್ಚೇನಪ್ಪಾ, ಬಾರೋ ನನ್ನಪ್ಪಾ!" ಅಂದಳು. ಆಗ ಮೆಲ್ಲಗೆ ಬಂದು ಸೆರಗು ಹಿಡಿದ.

ಇವನನ್ನು ಮನೆಯಲ್ಲಿ ಬಿಟ್ಟರೆ ಮನೆಯೇ ಉಳಿಯೋದಿಲ್ಲ ಅಂತ, ನಾಗರ ಪಂಚಮಿ ಹತ್ತಿರ ಬಂದಾಗ ನಿಂಬೆವ್ವ ತಾನು ಕೆಲಸ ಮಾಡುವ ಕಾಶೀಬಾಯಿಯ ಉಂಡಿ ಅಂಗಡಿಗೇ ಕರೆತಂದಳು. ಅಂಗಡಿ ಅಂದರೆ ಬಾಗಿಲಲ್ಲಿ ಗಿರಾಕಿ ನಿಲ್ಲುವ ಅಂಗಡಿಯಲ್ಲ. ಆನ್‌ಲೈನ್ ಅಂಗಡಿ. ಪಂಚಮಿಗೆ ತವರಿಗೆ ಬರಲಾಗದ ಹೆಣ್ಣುಮಕ್ಕಳಿಗೆ ಅಣ್ಣತಮ್ಮಂದಿರು ಅಲ್ಲಿ ಎಳ್ಳುಂಡಿ, ಶೇಂಗಾ ಉಂಡಿ, ರವೆ ಉಂಡಿ ಆರ್ಡರ್ ಮಾಡುತ್ತಾರೆ. ಆ ಆರ್ಡರನ್ನು ಕಂಪ್ಯೂಟರಿನಲ್ಲಿ ಎಕ್ಸೆಲ್ ಹಾಳೆಗೆ ಇಳಿಸಬೇಕು. ಹಾಳೆ ನೋಡಿ ಫಕೀರವ್ವ ಡಬ್ಬಿ ಕಟ್ಟುತ್ತಾಳೆ. ಸಂಜೆ ಕೊರಿಯರ್ ಗಾಡಿ ಬಂದು ಒಯ್ಯುತ್ತದೆ.

"ಕಂಪ್ಯೂಟರ್ ಬರ್ತೈತೇನವಾ ಇವಂಗ?"

"ಕ್ಲಾಸಿಗೆ ಹೋಗಿ ಪಾಸಾಗ್ಯಾನ್ರಿ ಬಾಯಾರ."

ಅದು ಖರೇ. ಕಂಪ್ಯೂಟರಿಗೂ ದುಂಡಪ್ಪನಿಗೂ ಬಲು ದೋಸ್ತಿ. ಇಬ್ಬರೂ ಹೇಳಿದಷ್ಟೇ ಮಾಡೋರು.

"ಈ ಸಲ ಪಂಚಮಿ ತಪ್ಪಿದ್ರ ನನ್ನ ಅಂಗಡಿ ಹೆಸರು ಹೋತು" ಅಂದಳು ಕಾಶೀಬಾಯಿ. "ಹಬ್ಬ ಆದಮ್ಯಾಲೆ ಉಂಡಿ ಮುಟ್ಟಿದ್ರ ಯಾವ ತಂಗಿ ತಿಂತಾಳ? ಮಾರಿ ತಿರುವಿ ಕುಂದರ್ತಾಳ. ಹುಂ, ಕುಂದರಪಾ. ಆರ್ಡರ್ ಎಲ್ಲಾ ಹಾಳಿಗೆ ಇಳಸು."

ಎಲ್ಲಾ ಇಳಿಸಿದ. ಅಂಗಡಿ ಹುಟ್ಟಿದಾಗಿನಿಂದ ಬಂದದ್ದೆಲ್ಲಾ! ಫಕೀರವ್ವ ಕಟ್ಟಿದಳು, ಕಟ್ಟಿದಳು, ಸೊಂಟ ಹಿಡಿದು ನಿಂತಳು.

"ಬಾಯಾರ, ಈ ಕುಷ್ಟಗಿ ತಂಗಿಗೆ ಹ್ವಾದ ವರ್ಷನೂ ನಾನ ಕಟ್ಟಿದ್ದೆ. ಮತ್ತ ಕಟ್ಟೇನಿ!"

ಕಾಶೀಬಾಯಿ ಹಾಳೆ ನೋಡಿದಳು, ಹಣೆ ಬಡಿದುಕೊಂಡಳು. ಕಟ್ಟಿದ್ದನ್ನೆಲ್ಲ ಬಿಚ್ಚಿಸಿದಳು. ಗಾಡಿ ಖಾಲಿ ಹೋಯಿತು.

"ಹಳೇದು ಯಾರಿಗೆ ಬೇಕೋ? ಇವತ್ತಿಂದಷ್ಟ ಇಡು, ಹಿಂದಿಂದೆಲ್ಲಾ ತಗದ ಒಗಿ!"

"ಆತ್ರಿ ಬಾಯಾರ!"

ಮರುದಿನ ಅವತ್ತಿನದಷ್ಟೇ ಇಟ್ಟ. ನಿನ್ನೆ ಗಾಡಿ ಖಾಲಿ ಹೋಗಿದ್ದಕ್ಕೆ ಉಳಿದಿದ್ದವಲ್ಲ, ಅವನ್ನೂ ತೆಗೆದು ಒಗೆದ! ಫೋನು ಬಡಕೊಳ್ಳತೊಡಗಿತು. ನಮ್ಮ ಉಂಡಿ ಎಲ್ಲಿ? ನಮ್ಮ ಉಂಡಿ ಎಲ್ಲಿ?

"ಎಲ್ಲಿ ಹೋದ್ವೋ ನಿನ್ನಿವು?"

"ಒಗದೇನ್ರಿ ಬಾಯಾರ! ಹಿಂದಿನವಲ್ಲ!"

"ನಿನ್ನ ಬುದ್ಧಿಗಿಷ್ಟು! ಎಲ್ಲಾ ತಿರುಗಿ ತಗೊಂಬಾ. ಯಾವುದೂ ಒಗೀಬ್ಯಾಡ. ಒಬ್ಬಂದ ಹೆಸರು ಎರಡು ಸಲ ಬಂದಿದ್ರ ಅಷ್ಟ ಒಂದು ತಗಿ, ತಿಳೀತಿಲ್ಲೋ?"

"ತಿಳೀತ್ರಿ ಬಾಯಾರ!"

ತೆಗೆದ. ಎರಡು ಸಲ ಬಂದ ಹೆಸರು ಕಂಡದ್ದೇ ಒಂದನ್ನು ಎಗರಿಸಿದ. ನಾಲ್ಕು ದಿನಕ್ಕೆ ರೋಣದಿಂದ ಈರಭದ್ರಪ್ಪ ಅನ್ನೋನು ಫೋನಿನಲ್ಲೇ ಹರಿಹಾಯ್ದ.

"ಬಾಯಾರ, ನನಗ ತಂಗ್ಯಾರು ಇಬ್ಬರು! ದೊಡ್ಡಾಕಿಗೆ ಮುಟ್ಟೈತಿ, ಸಣ್ಣಾಕಿಗೆ ಇಲ್ಲ. ‘ಅಕ್ಕ ಅಷ್ಟ ಏನು ನಿನಗ ತಂಗಿ?’ ಅಂತ ಸಣ್ಣಾಕಿ ಅಳಾಕತ್ತಾಳ. ನಾ ಏನಂತ ಹೇಳ್ಲಿ?"

ಕಾಶೀಬಾಯಿ ನಾಚಿ ಭೂಮಿಗಿಳಿದು ಹೋದಳು. ನಿಂಬೆವ್ವ ಉಂಡಿ ಕಟ್ಟುವ ಕೈಯಲ್ಲೇ ಮಗನ ತಲೆಗೊಂದು ಕೊಟ್ಟಳು. ಕೂದಲಿಗೆಲ್ಲಾ ಬೆಲ್ಲ.

"ಲೇ ದುಂಡ್ಯಾ, ತಂಗ್ಯಾರಿಗೆ ಅಂತ ಕಳಸ್ತಾನಲ್ಲ, ಆ ಅಣ್ಣನ ಮನಸು ನೋಯಬಾರದೋ" ಅಂದಳು ಕಾಶೀಬಾಯಿ. "ಮೊದಲ ಆ ಅಣ್ಣನ್ನ ನೋಡು. ಅಂವಾ ಯಾರು, ಎಲ್ಲಿರ್ತಾನ, ಎಲ್ಲಾ ನೋಡು. ಉಳಿದವರು ಆಮ್ಯಾಲೆ!"

"ಅಣ್ಣ ಮೊದಲ! ಆತ್ರಿ ಬಾಯಾರ!"

ಆರ್ಡರಿನಲ್ಲಿ ಎರಡು ವಿಳಾಸ ಇರುತ್ತವೆ. ತರಿಸಿದವನದೊಂದು, ತಿನ್ನೋಳದೊಂದು. ದುಂಡಪ್ಪ ಅಣ್ಣನ ವಿಳಾಸವನ್ನು ಮುಂದೆ ಇಟ್ಟ, ತಂಗಿಯದನ್ನು ಹಾಳೆಯ ಆ ತುದಿಗೆ ತಳ್ಳಿದ. ಫಕೀರವ್ವ ಮುಂದೆ ಕಂಡದ್ದನ್ನೇ ಡಬ್ಬಿಗೆ ಅಂಟಿಸಿದಳು. ಅದು ಹಬ್ಬದ ಮುಂಚಿನ ಕೊನೆಯ ಗಾಡಿ, ತುಂಬಿಕೊಂಡು ಹೋಯಿತು. ಗಾಡಿ ಹೋದಮೇಲೆ ಕಾಶೀಬಾಯಿ ಹಾಳೆ ನೋಡಿದಳು.

"ಅಯ್ಯಯ್ಯೋ! ತಂಗ್ಯಾರ ಉಂಡಿ ಎಲ್ಲಾ ಅಣ್ಣಂದಿರ ಮನೀಗೇ ಹೋದ್ವಲ್ಲೋ!"

"ಹೌದ್ರಿ ಬಾಯಾರ! ಒಬ್ಬ ಅಣ್ಣನ್ನೂ ಬಿಟ್ಟಿಲ್ಲ!"

ಪಂಚಮಿ ಬಂತು. ಬೆಳಗಿನಿಂದ ಕಾಶೀಬಾಯಿ ಫೋನನ್ನು ಹಾವಿನ ಹಾಗೆ ದೂರ ಇಟ್ಟು ಕೂತಿದ್ದಳು. ಅದು ಕೂಗಿಯೇ ಕೂಗಿತು. ಕಣ್ಣು ಮುಚ್ಚಿ ಎತ್ತಿಕೊಂಡಳು.

"ಬಾಯಾರ, ನಾ ಹುನಗುಂದದಿಂದ ಸಂಗನಬಸಪ್ಪ. ತಂಗೀಗಂತ ತರಿಸಿದ್ದು ನನ್ನ ಮನೀಗೇ ಬಂತು."

"ತಪ್ಪಾತಪಾ..."

"ತಡೀರಿ! ಇನ್ನೇನು ಮಾಡೋದು, ಹಬ್ಬ ಬಂದಬಿಡ್ತು ಅಂತ ಡಬ್ಬಿ ಬಗಲಾಗಿಟಕೊಂಡು ನಾನ ಬಸ್ ಹತ್ತಿದೆ. ಎಷ್ಟು ವರ್ಷಾಗಿತ್ತೋ ತಂಗಿ ಮನಿ ಹೊಸಲಿ ತುಳದು! ಬಾಗಲದಾಗ ನನ್ನ ನೋಡಿ ಚೀರಿದ್ಲ್ರೀ ಬಾಯಾರ! ಈಗ ಜೋಕಾಲಿ ಆಡಾಕತ್ತಾಳ, ತೂಗವನೂ ನಾನ!"

ಹಿಂದೆ ಒಂದು ಹೆಣ್ಣುದನಿ ಕೂಗಿತು: "ಜೋರಾಗಿ ತೂಗೋ ಅಣ್ಣಾ, ಫೋನ್ ಇಡು!"

ಆಮೇಲೆ ಫೋನಿನ ಮೇಲೆ ಫೋನು. ಒಬ್ಬ ಲಾರಿ ಹತ್ತಿ ಹೋಗಿದ್ದ, ಇನ್ನೊಬ್ಬ ಮೋಟರ್‌ಸೈಕಲ್ ಮೇಲೆ. ಈರಭದ್ರಪ್ಪನಂತೂ ಸಣ್ಣ ತಂಗಿಗೆ ಮತ್ತೆ ಆರ್ಡರ್ ಮಾಡಿದ್ದ. ಆ ಡಬ್ಬಿ ಹೊತ್ತು ತಾನೇ ಹೋಗಿ, ಬಯ್ಸಿಕೊಂಡು, ಹೋಳಿಗೆ ಉಂಡು ಕೂತಿದ್ದ.

ಕಾಶೀಬಾಯಿ ನಕ್ಕಳು, ಕಣ್ಣು ಒರಸಿಕೊಂಡಳು, ಮತ್ತೆ ನಕ್ಕಳು. ದುಂಡಪ್ಪನ ಬಾಯಿಗೆ ತಾನೇ ಒಂದು ಎಳ್ಳುಂಡಿ ತುರುಕಿದಳು.

"ಉಂಡಿ ಅಂದ್ರ ಹಿಂಗ ನೋಡೋ ದುಂಡ್ಯಾ. ಕೈಯಾರೆ ಒಯ್ದು ಕೊಟ್ರ ಅದರ ರುಚೀನ ಬ್ಯಾರೆ. ನೆನಪಿಟ್ಕೋ!"

ಬಾಯ್ತುಂಬ ಉಂಡಿ. ದುಂಡಪ್ಪ ತಲೆ ಅಲ್ಲಾಡಿಸಿದ.

ಹಬ್ಬದ ಸುದ್ದಿ ಹಬ್ಬಿ, ಮುಂದೆ ಬರುವ ರಾಖಿ ಹುಣ್ಣಿಮೆಗೆ ಅಂತ ಮರುದಿನ ಆರ್ಡರ್ ಇನ್ನೂ ಹೆಚ್ಚೇ ಬಂದವು. ಹಾಳೆ ತಪ್ಪಿಲ್ಲದೆ ಇಳಿಯಿತು, ವಿಳಾಸ ತಪ್ಪಿಲ್ಲದೆ ಅಂಟಿದವು. ಸಂಜೆ ಗಾಡಿಯವ ಬಂದು ನೋಡಿದರೆ ಒಂದು ಡಬ್ಬಿಯೂ ಇಲ್ಲ. ಪಡಸಾಲೆಯಲ್ಲಿ ದುಂಡಪ್ಪ ಅಷ್ಟನ್ನೂ ಜಮಖಾನೆಗೆ ಹಾಕಿ ಗಂಟು ಕಟ್ಟುತ್ತಿದ್ದಾನೆ. ಪಕ್ಕಕ್ಕೆ ಚೀಲ. ಚೀಲದಲ್ಲಿ ಅಂಗಿ, ಟವೆಲ್ಲು, ಮಡಚಿದ ಹಾಳೆ.

"ಎಲ್ಲಿಗೋ ಮಗನ?" ನಿಂಬೆವ್ವ ಎದೆ ಹಿಡಿದುಕೊಂಡಳು.

"ಮೊದಲ ಲಾತೂರು ಅವ್ವಾ. ಅಲ್ಲಿಂದ ನಾಗಪುರ. ಆಮ್ಯಾಲೆ ಅಸ್ಸಾಮಿನಾಗ ಒಬ್ಬಾಕಿ ಅದಾಳ."

ಗಾಡಿಯವ ಬಿದ್ದು ಬಿದ್ದು ನಕ್ಕ. "ಅದನ್ನ ಒಯ್ಯಾಕ ನಾ ಇಲ್ಲೇನೋ? ಎತ್ತಿ ಇಡು ಗಾಡ್ಯಾಗ!"

"ಬ್ಯಾಡ್ರೀ ಅಣ್ಣಾರ" ಅಂದ ದುಂಡಪ್ಪ, ಗಂಟು ಬಿಗಿದು ತಲೆಗೆ ಏರಿಸಿಕೊಳ್ಳುತ್ತ. "ಗಾಡ್ಯಾಗ ಹಾಕಿದ್ರ ರುಚಿ ಕೆಡ್ತೈತಿ."